ವಿರತಾವಿರತ ಚಾವುಂಡರಾಯ

ಅಣುವ್ರತಗಳನ್ನು ಸ್ವೀಕರಿಸಿದ ಗೃಹಸ್ಥರಲ್ಲಿ ಒಂದು ಸಂದೇಹ ಪದೇಪದೇ ತಲೆದೋರುವುದುಂಟು. ವ್ರತವೂ ಜೀವನೋಪಾಯವೂ ಒಂದೇ ಮನೆಯಲ್ಲಿ ಹೊಂದಿ ಬಾಳಲಾರವೆಂದು ಕಂಡಾಗ ಕೆಲವರು ವ್ರತವನ್ನೇ ಬಿಟ್ಟುಬಿಡುತ್ತಾರೆ. ಮತ್ತೆ ಕೆಲವರು ಉದ್ಯೋಗದಲ್ಲಿ ನಡೆಯುವ ದೋಷವನ್ನು ದೋಷವೇ ಅಲ್ಲವೆಂದು ಸಾಧಿಸಿ, ವ್ರತವನ್ನು ಉಳಿಸಿಕೊಂಡೆವೆಂದು ಸಮಾಧಾನಪಡುತ್ತಾರೆ. ಈ ಎರಡಕ್ಕೂ ಹೊರತಾದ ಮಾರ್ಗವೊಂದುಂಟೇ ಎಂಬುದನ್ನು ತಿಳಿಯಲು ವೀರಮಾರ್ತಂಡ ಚಾವುಂಡರಾಯನ ಜೀವನವನ್ನು ಅವಲೋಕಿಸುವುದು ಉಚಿತವಾಗಿದೆ.

ಬೆಂಗಳೂರಿನ ಹೊರವಲಯದಲ್ಲಿ ನೆಲೆಸಿರುವ ನಮ್ಮ ಶ್ರಾವಕಬಂಧುಗಳಿಗೆ ಚಾವುಂಡರಾಯನು ದೂರದವನಲ್ಲ. ವೈಟ್‌ಫೀಲ್ಡಿನಿಂದ ಪೂರ್ವಾಭಿಮುಖವಾಗಿ ಹೊರಟರೆ ಗಂಗರ ಆದಿರಾಜಧಾನಿಯಾದ ಕುವಲಾಲ, ಅಂದರೆ ಇಂದಿನ ಕೋಲಾರ ಸಿಗುತ್ತದೆ. ಪೀಣ್ಯದಿಂದ ತುಮಕೂರು ರಸ್ತೆಯನ್ನು ಹಿಡಿದು ನೆಲಮಂಗಲದ ಸೀಮೆಗೆ ಹೋದರೆ ಶ್ರೀಪುರುಷ ಮಹಾರಾಜನ ನೆಲೆವೀಡಾಗಿದ್ದ ಮಾನ್ಯಪುರ, ಈಗಿನ ಮಣ್ಣೆ ಇದೆ. ಎಲೆಕ್ಟ್ರಾನಿಕ್ ಸಿಟಿಗೆ ಸಮೀಪದ ಬೇಗೂರಿನಲ್ಲಿ ದೊರೆತ, ಸುಮಾರು 9ನೆಯ ಶತಮಾನದ ಕೊನೆಯ ವೀರಗಲ್ಲು ಬೆಂಗಳೂರಿನ ಕಾಳಗವನ್ನು ಹೆಸರಿಸುತ್ತದೆ. ಹೀಗೆ ಈ ಮೂರು ಉದ್ಯಮಪ್ರದೇಶಗಳೂ ಗಂಗವಾಡಿಯ ನೆಲದಲ್ಲಿಯೇ ಇವೆ. ಆ ಗಂಗರಾಜ್ಯದ ಕಡೆಯ ಕಾಲದಲ್ಲಿ ಮಂತ್ರಿಯೂ ದಂಡನಾಯಕನೂ ಆಗಿದ್ದವನು ಚಾವುಂಡರಾಯ.

ಈತನು ಬ್ರಹ್ಮಕ್ಷತ್ರ ವಂಶದಲ್ಲಿ ಜನಿಸಿದನು. ತಾಯಿ ಕಾಳಲಾದೇವಿ. ಮಾರಸಿಂಹನಿಗೂ ಅವನ ತರುವಾಯ ರಾಚಮಲ್ಲನಿಗೂ ಇವನು ಬಲಗೈಯಾಗಿದ್ದನು. ಇವನ ಗುರುಗಳು ಅಜಿತಸೇನಾಚಾರ್ಯರು. ಮಾರಸಿಂಹನು ಜೀವಮಾನವಿಡೀ ಯುದ್ಧಮಾಡಿ, 974ರ ಸುಮಾರಿಗೆ ಬಂಕಾಪುರದಲ್ಲಿ ಇದೇ ಗುರುಗಳ ಸನ್ನಿಧಿಯಲ್ಲಿ ಮೂರು ದಿನ ಸಲ್ಲೇಖನಾವ್ರತವನ್ನು ನಡೆಸಿ ದೇಹವನ್ನು ಬಿಟ್ಟನು. ಒಡೆಯನ ಬಾಳಿನಲ್ಲಿ ಖಡ್ಗವೂ ವ್ರತವೂ ಜೊತೆಗಿದ್ದುದನ್ನು ಚಾವುಂಡರಾಯನು ಹತ್ತಿರದಿಂದ ಬಲ್ಲವನಾಗಿದ್ದನು.

ಅವನ ಬಿರುದುಗಳನ್ನು ಒಂದೆಡೆ ಬರೆದು ನೋಡಿದರೆ ಇಬ್ಬರು ಮನುಷ್ಯರ ಬಿರುದುಗಳೆಂದು ಭ್ರಮೆಯಾಗುವುದು ಸಹಜ. ಖೇಡಗದ ಯುದ್ಧದಲ್ಲಿ ವಜ್ಜಲದೇವನನ್ನು ಗೆದ್ದುದಕ್ಕೆ ಸಮರಧುರಂಧರ. ಗೋನೂರ ಬಯಲಿನಲ್ಲಿ ನೊಳಂಬರೊಡನೆ ಹೋರಿದುದಕ್ಕೆ ವೀರಮಾರ್ತಂಡ. ಉಚ್ಚಂಗಿಯ ಕೋಟೆಯಲ್ಲಿ ರಾಜಾದಿತ್ಯನನ್ನು ಎದುರಿಸಿದುದಕ್ಕೆ ರಣರಂಗಸಿಂಗ. ಬಾಗೆಯೂರಿನ ಕೋಟೆಯಲ್ಲಿ ತ್ರಿಭುವನವೀರನನ್ನು ಕೊಂದುದಕ್ಕೆ ವೈರಿಕುಲಕಾಲದಂಡ. ಇದೇ ವ್ಯಕ್ತಿಗೆ ಸತ್ಯಯುಧಿಷ್ಠಿರ, ಶೌಚಾಭರಣ, ಗುಣರತ್ನಭೂಷಣ, ಸಮ್ಯಕ್ತ್ವರತ್ನಾಕರ ಎಂಬ ಬಿರುದುಗಳೂ ಇವೆ. ಶಕವರ್ಷ 900ರಲ್ಲಿ, ಅಂದರೆ ಕ್ರಿ.ಶ. 978ರಲ್ಲಿ, ಅರವತ್ತುಮೂರು ಶಲಾಕಾಪುರುಷರ ಚರಿತ್ರೆಯನ್ನು ಕನ್ನಡ ಗದ್ಯದಲ್ಲಿ ರಚಿಸಿದವನು ಇವನೇ. ಶ್ರಾವಕರ ಹಾಗೂ ಮುನಿಗಳ ಆಚಾರವನ್ನು ವಿವರಿಸುವ ಚಾರಿತ್ರಸಾರವೆಂಬ ಸಂಸ್ಕೃತ ಗ್ರಂಥವೂ ಇವನದೆಂದು ಪರಂಪರೆ ಮನ್ನಿಸುತ್ತದೆ. ವ್ರತಗಳನ್ನೂ ಅವುಗಳ ಅತಿಚಾರಗಳನ್ನೂ ಕುರಿತು ಬರೆದ ಕೈ ರಣರಂಗದಲ್ಲಿ ಆಯುಧವನ್ನು ಹಿಡಿದ ಕೈಯೇ ಆಗಿತ್ತು.

ನಮ್ಮ ಶ್ರಾವಕಾಚಾರದ ವಿವೇಚನೆಯಲ್ಲಿ ಹಿಂಸೆ ನಾಲ್ಕು ಬಗೆಯದು. ಕೊಲ್ಲಬೇಕೆಂಬ ಉದ್ದೇಶದಿಂದಲೇ ಮಾಡುವುದು ಸಂಕಲ್ಪೀ ಹಿಂಸೆ. ಅಡುಗೆ, ಗುಡಿಸುವಿಕೆ ಮೊದಲಾದ ಗೃಹಕೃತ್ಯಗಳಲ್ಲಿ ಒದಗುವುದು ಆರಂಭೀ. ಜೀವನೋಪಾಯದಲ್ಲಿ ಒದಗುವುದು ಉದ್ಯೋಗೀ. ಆಕ್ರಮಣವನ್ನು ತಡೆಯುವಾಗ ಒದಗುವುದು ವಿರೋಧೀ. ಗೃಹಸ್ಥನು ಮೊದಲನೆಯದನ್ನು ಸಂಪೂರ್ಣವಾಗಿ ತ್ಯಜಿಸಬೇಕು; ಉಳಿದ ಮೂರನ್ನು ಯತ್ನಾಚಾರದಿಂದ ಕುಗ್ಗಿಸುತ್ತ ಬರಬೇಕು. ರಾಜ್ಯರಕ್ಷಣೆಗಾಗಿ ಚಾವುಂಡರಾಯನು ಮಾಡಿದ ಯುದ್ಧಗಳನ್ನು ವಿರೋಧೀ ಹಿಂಸೆಯೆಂದು ಹೇಳಿ ಅನೇಕ ಲೇಖಕರು ವಿಷಯವನ್ನು ಅಲ್ಲಿಗೇ ಮುಗಿಸಿಬಿಡುತ್ತಾರೆ.

ಆದರೆ ವಿಷಯ ಅಷ್ಟು ಸುಲಭವಾಗಿ ಮುಗಿಯುವಂಥದಲ್ಲ. ಚಾವುಂಡರಾಯನಿಗೆ ಸಮರಪರಶುರಾಮನೆಂಬ ಮತ್ತೊಂದು ಬಿರುದಿದೆ. ಅವನ ತಮ್ಮನಾದ ನಾಗವರ್ಮನನ್ನು ಚಲದಂಕಗಂಗನೆಂಬ ಹೆಸರಿನ ಮುದುರಾಚಯ್ಯನು ಕೊಂದನು. ಆ ಹಗೆಯನ್ನು ತೀರಿಸಲು ಚಾವುಂಡರಾಯನು ಮುದುರಾಚಯ್ಯನನ್ನು ಸಂಹರಿಸಿದನು. ಬಿರುದು ಬಂದದ್ದು ಅದಕ್ಕಾಗಿ. ಇದನ್ನು ಯಾವ ಬಗೆಯ ಹಿಂಸೆಯೆಂದು ಎಣಿಸೋಣ? ವೈರಿ ರಾಜ್ಯಕ್ಕೂ ಕಂಟಕನಾಗಿದ್ದನೆಂದು ಹೇಳಿ ವಿರೋಧೀ ಎನ್ನಬಹುದು. ತಮ್ಮನನ್ನು ಕಳೆದುಕೊಂಡ ಅಣ್ಣನ ಕ್ರೋಧವನ್ನು ಗಮನಿಸಿದರೆ ಸಂಕಲ್ಪದ ನೆರಳು ಅದರ ಮೇಲೆ ಬಿದ್ದೇ ಇದೆ. ಒಂದೇ ಕೃತ್ಯದಲ್ಲಿ ಎರಡು ಭಾವಗಳು ಬೆರೆತಾಗ ಶಾಸ್ತ್ರದ ವಿಭಾಗಗಳು ನಮ್ಮನ್ನು ನಿರ್ದೋಷಿಗಳನ್ನಾಗಿ ಮಾಡುವುದಿಲ್ಲ. ಪರೀಕ್ಷಿಸಿಕೊಳ್ಳುವ ಸಾಧನವನ್ನು ಮಾತ್ರ ಒದಗಿಸುತ್ತವೆ.

ಇಲ್ಲಿ ನಾವು ಗಮನಿಸಬೇಕಾದ ಸಂಗತಿಯೊಂದಿದೆ. ಈ ಬಿರುದುಗಳನ್ನೂ ಅವು ಬಂದ ಕಾರಣಗಳನ್ನೂ ಚಾವುಂಡರಾಯನು ತನ್ನ ಪುರಾಣದಲ್ಲಿಯೇ ಹೇಳಿಕೊಂಡಿದ್ದಾನೆ. ಅದರಲ್ಲಿ ವೀರನ ಅಭಿಮಾನವಿದೆಯೆಂಬುದು ನಿಜ. ಆದರೂ ತೀರ್ಥಂಕರರ ಚರಿತ್ರೆಯನ್ನು ಬರೆಯುವವನು ತನ್ನ ಕೊಲೆಗಳನ್ನು ಮರೆಮಾಚಲಿಲ್ಲ. ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿಗಳು ವ್ರತಿಯ ಲಕ್ಷಣವನ್ನು ಹೇಳುವಾಗ ಶಲ್ಯವಿಲ್ಲದವನೇ ವ್ರತಿಯೆಂದು ನಿರ್ಣಯಿಸಿದ್ದಾರೆ. ಮಾಯೆ, ಮಿಥ್ಯಾತ್ವ, ನಿದಾನ ಎಂಬ ಈ ಮೂರು ಮುಳ್ಳುಗಳಲ್ಲಿ ಮೊದಲನೆಯದು ಕಪಟ. ಒಳಗೊಂದು ಇಟ್ಟು ಹೊರಗೊಂದು ತೋರುವವನು ಎಷ್ಟು ಉಪವಾಸಗಳನ್ನು ಮಾಡಿದರೂ ಆ ಮುಳ್ಳು ಕೀಳುವುದಿಲ್ಲ.

ಆಚಾರ್ಯ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಈ ಶಿಷ್ಯನಿಗಾಗಿ ರಚಿಸಿದ ಗ್ರಂಥ ಗೊಮ್ಮಟಸಾರ. ಗೊಮ್ಮಟನೆಂಬುದು ಚಾವುಂಡರಾಯನದೇ ಹೆಸರು. ಅದರ ಜೀವಕಾಂಡದಲ್ಲಿ ಹದಿನಾಲ್ಕು ಗುಣಸ್ಥಾನಗಳ ವಿವರಣೆಯಿದೆ. ಐದನೆಯ ಸ್ಥಾನದಲ್ಲಿರುವ ಶ್ರಾವಕನಿಗೆ ಆಚಾರ್ಯರು ವಿರತಾವಿರತನೆಂಬ ಹೆಸರನ್ನು ಬಳಸಿದ್ದಾರೆ. ತ್ರಸಜೀವಿಗಳ ವಧೆಯಿಂದ ಅವನು ವಿರತ. ಸ್ಥಾವರಜೀವಿಗಳ ವಧೆಯಿಂದ ಅದೇ ಸಮಯದಲ್ಲಿ ಅವಿರತ. ವಿರೋಧವೆಂದು ಕಾಣುವ ಎರಡು ಪದಗಳನ್ನು ಒಂದೇ ಜೀವನಿಗೆ ಏಕಕಾಲದಲ್ಲಿ ಅನ್ವಯಿಸಿರುವುದು ಎಂಥ ಕರುಣೆ! ಅಪೂರ್ಣನಿಗೂ ಮೋಕ್ಷಮಾರ್ಗದ ಸೋಪಾನದಲ್ಲಿ ಒಂದು ಮೆಟ್ಟಿಲನ್ನು ಶಾಸ್ತ್ರವು ಕಾದಿರಿಸಿದೆ. ಆದರೆ ಅದು ನಡುವಿನ ಮೆಟ್ಟಿಲು, ಹತ್ತಲಿಕ್ಕಾಗಿ ಇರುವುದು.

ಅದೇ ಗ್ರಂಥದ ಕರ್ಮಕಾಂಡವು ಕರುಣೆಯ ಜೊತೆಗೆ ಕಟ್ಟುನಿಟ್ಟನ್ನೂ ಕಲಿಸುತ್ತದೆ. ಕಷಾಯದ ತೀವ್ರಮಂದತೆಗೆ ತಕ್ಕಂತೆ ಕರ್ಮವು ಬಂಧಿಸುತ್ತದೆ. ಪುಣ್ಯಕ್ಕೆ ಪುಣ್ಯದ ಫಲ, ಪಾಪಕ್ಕೆ ಪಾಪದ ಫಲ. ಇಷ್ಟು ದಾನ ಮಾಡಿದೆನಾದ್ದರಿಂದ ಅಷ್ಟು ಹಿಂಸೆ ವಜಾ ಆಯಿತೆಂಬ ಅಂಗಡಿಯ ಲೆಕ್ಕ ಅಲ್ಲಿಲ್ಲ. ಮಹಾದಾನಿಯಾದ ಮಂತ್ರಿಗೆ ಗುರುಗಳು ಬೋಧಿಸಿದ್ದು ಈ ಸಿದ್ಧಾಂತವನ್ನು.

ಶ್ರವಣಬೆಳಗೊಳದ ವಿಂಧ್ಯಗಿರಿಯಲ್ಲಿ 981ರ ಸುಮಾರಿಗೆ ಪ್ರತಿಷ್ಠಾಪಿತನಾದ, ಸುಮಾರು 58 ಅಡಿ ಎತ್ತರದ ಬಾಹುಬಲಿಯನ್ನು ಈ ಬೆಳಕಿನಲ್ಲಿ ಕಾಣಬೇಕು. ಬಾಹುಬಲಿ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಲ್ಲಿ ಅಣ್ಣನಾದ ಭರತನನ್ನು ಗೆದ್ದು, ಗೆದ್ದ ಕ್ಷಣದಲ್ಲಿಯೇ ವೈರಾಗ್ಯ ಹೊಂದಿದವನು. ಒಂದು ವರ್ಷ ನಿರಾಹಾರನಾಗಿ ಪ್ರತಿಮಾಯೋಗದಲ್ಲಿ ನಿಂತವನು. ಅಷ್ಟು ಕಠಿಣ ತಪಸ್ಸಿನಲ್ಲಿಯೂ ತಾನು ಭರತನ ನೆಲದ ಮೇಲೆ ನಿಂತಿರುವೆನೆಂಬ ಸಣ್ಣ ಶಲ್ಯ ಉಳಿದಿತ್ತೆಂದೂ, ಅದು ಕಳೆದ ಬಳಿಕವೇ ಕೇವಲಜ್ಞಾನವಾಯಿತೆಂದೂ ಒಂದು ಪರಂಪರೆ ಹೇಳುತ್ತದೆ. ತಮ್ಮನಿಗಾಗಿ ಹಗೆಯನ್ನು ಕೊಂದ ದಂಡನಾಯಕನು, ಅಣ್ಣನನ್ನು ಗೆದ್ದೂ ರಾಜ್ಯವನ್ನು ತೊರೆದವನ ಮೂರ್ತಿಯನ್ನು ನಿಲ್ಲಿಸಿದನು. ತಾನು ಇನ್ನೂ ಏರದಿದ್ದ ಎತ್ತರವನ್ನು ಎಲ್ಲರಿಗೂ ಕಾಣುವಂತೆ ಅವನು ಬೆಟ್ಟದ ಮೇಲಿಟ್ಟನೆಂದು ನನ್ನ ಭಾವನೆ.

ಆಗಲೂ ಮಾನಕಷಾಯ ಬಿಡಲಿಲ್ಲವೆಂದು ಗುಳ್ಳಕಾಯಜ್ಜಿಯ ಐತಿಹ್ಯ ತಿಳಿಸುತ್ತದೆ. ಚಾವುಂಡರಾಯನು ಕೊಡಗಟ್ಟಲೆ ಹಾಲೆರೆದರೂ ಅಭಿಷೇಕ ಮೂರ್ತಿಯ ತೊಡೆಯಿಂದ ಕೆಳಗಿಳಿಯಲಿಲ್ಲ; ಒಬ್ಬ ಮುದುಕಿ ಗುಳ್ಳಕಾಯಿಯ ಓಡಿನಲ್ಲಿ ತಂದ ತುಸು ಹಾಲು ಪಾದವನ್ನು ಮುಟ್ಟಿತು. ಆ ಅಜ್ಜಿಯ ಪ್ರತಿಮೆ ಇಂದಿಗೂ ಸ್ವಾಮಿಯ ಎದುರಿಗಿದೆ. ಪ್ರತಿಷ್ಠಾಪಕನ ಗರ್ವಭಂಗದ ಕಥೆಯನ್ನು ಕ್ಷೇತ್ರವೇ ಕಾಪಾಡಿಕೊಂಡು ಬಂದಿರುವುದು ಸ್ಮರಣೀಯ.

ಇನ್ನು ನಮ್ಮ ವಿಷಯ. ಪೀಣ್ಯದಲ್ಲಿ ಲೋಹಕ್ಕೆ ಲೇಪನ ಹಾಕುವ ಸಣ್ಣ ಕಾರ್ಖಾನೆಯನ್ನು ನಡೆಸುವ ಶ್ರಾವಕನಿಗೆ ಆಮ್ಲಮಿಶ್ರಿತ ನೀರನ್ನು ಶುದ್ಧಿಮಾಡಲು ಹಣ ಬೇಕು. ಅದೇ ಹಣದಲ್ಲಿ ಕೆಲಸಗಾರರ ಸಂಬಳವೂ ಆಗಬೇಕು. ಎಲೆಕ್ಟ್ರಾನಿಕ್ ಸಿಟಿಯ ರಾತ್ರಿಪಾಳಿಯವನಿಗೆ ರಾತ್ರಿಭೋಜನತ್ಯಾಗ ದಿನವೂ ಪರೀಕ್ಷೆ. ವೈಟ್‌ಫೀಲ್ಡಿನ ಕಚೇರಿಯಲ್ಲಿ ಕೆಲಸದಿಂದ ತೆಗೆಯಬೇಕಾದವರ ಪಟ್ಟಿಗೆ ಸಹಿ ಹಾಕುವ ಅಧಿಕಾರಿ ಅಂದು ಚತುರ್ದಶಿಯ ಉಪವಾಸದಲ್ಲಿರಬಹುದು. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಮಿತಿಮೀರಿದ ಹೊರೆ ಹೊರಿಸುವುದೂ ಅನ್ನಪಾನಗಳನ್ನು ತಡೆಯುವುದೂ ಸೇರಿವೆ. ಹಿಂದೆ ಎತ್ತುಗಳನ್ನು ಕುರಿತು ಹೇಳುತ್ತಿದ್ದ ಈ ಮಾತು ಇಂದು ಹನ್ನೆರಡು ಗಂಟೆ ದುಡಿಯುವ ನೌಕರನಿಗೂ, ತಡವಾಗಿ ಕೊಡುವ ಕೂಲಿಗೂ ಸಲ್ಲುತ್ತದೆ.

ಇವರಿಗೆ ಮಾಡಬಾರದ ಕೆಲಸ ಎರಡು. ಬಾಳು ಶುದ್ಧವಾದ ಮೇಲೆ ವ್ರತ ಹಿಡಿಯುವೆನೆಂದು ಮುಂದೂಡಬಾರದು. ಹಾಗೆ ಕಾದಿದ್ದರೆ ಚಾವುಂಡರಾಯನು ಎಂದೂ ಶ್ರಾವಕನಾಗುತ್ತಿರಲಿಲ್ಲ. ಪರ್ಯೂಷಣದ ದಾನದಿಂದ ವರ್ಷದ ಅನ್ಯಾಯ ತೊಳೆದುಹೋಯಿತೆಂದೂ ತಿಳಿಯಬಾರದು. ಮಾಡಬೇಕಾದದ್ದು ಪ್ರತಿಕ್ರಮಣ. ಪ್ರೋಷಧೋಪವಾಸದ ದಿನ ಸಂಜೆ ಕುಳಿತು, ಆ ಪಕ್ಷದಲ್ಲಿ ತನ್ನಿಂದಾದ ಹಿಂಸೆಯನ್ನು ಆಯಾ ಹೆಸರಿನಿಂದಲೇ ಕರೆದು ಆಲೋಚನೆ ಮಾಡಬೇಕು. ಅನಿವಾರ್ಯವಾದದ್ದು ಯಾವುದು, ಲೋಭದಿಂದ ಅನಿವಾರ್ಯವೆನಿಸಿದ್ದು ಯಾವುದು ಎಂದು ಬೇರ್ಪಡಿಸಬೇಕು. ಎರಡನೆಯದರಲ್ಲಿ ಒಂದನ್ನಾದರೂ ಮುಂದಿನ ಅಷ್ಟಮಿಯೊಳಗೆ ಬಿಡುವೆನೆಂದು ಪ್ರತ್ಯಾಖ್ಯಾನ ಮಾಡಬೇಕು. ಹೊಟ್ಟೆ ಖಾಲಿಯಿರುವ ದಿನವೇ ಈ ಲೆಕ್ಕಕ್ಕೆ ತಕ್ಕ ದಿನ.

ವಿರತಾವಿರತನೆಂಬ ಹೆಸರಿನಲ್ಲಿ ಅವಿರತಿಯ ಭಾಗ ಇನ್ನೂ ಉಳಿದಿದೆಯೆಂದು ಒಪ್ಪಿಕೊಳ್ಳಲು ನಾಚಬೇಕಾಗಿಲ್ಲ. ಅದು ಕಳೆದ ವರ್ಷ ಎಷ್ಟಿತ್ತೋ ಈ ವರ್ಷವೂ ಅಷ್ಟೇ ಇದ್ದರೆ ಮಾತ್ರ ನಾಚಬೇಕು.