ಎಲಿಯಾಸ್ ಲೋನ್ರೋಟ್

ಎಲಿಯಾಸ್ ಲೋನ್ರೋಟ್ (ಏಪ್ರಿಲ್ 9, 1802 – ಮಾರ್ಚ್ 19, 1884) ಫಿನ್ಲೆಂಡ್ ದೇಶದ ವೈದ್ಯರು, ಭಾಷಾವಿದ್ವಾಂಸರು ಹಾಗೂ ಜಾನಪದ ಸಂಗ್ರಾಹಕರು. ಹಳ್ಳಿಯ ಹಾಡುಗಾರರಿಂದ ಕೇಳಿ ಬರೆದುಕೊಂಡ ಹಾಡುಗಳನ್ನು ಹೊಂದಿಸಿ ‘ಕಾಲೆವಾಲ’ ಮಹಾಕಾವ್ಯವನ್ನು ರೂಪಿಸಿದವರು ಇವರೇ. ಐನೊ, ವೈನೊ, ಇಲ್ಮರಿ, ತಾಪಿಯೊ ಮೊದಲಾದ ಪೌರಾಣಿಕ ಹೆಸರುಗಳನ್ನು ಮಕ್ಕಳಿಗೆ ಇಡುವ ರೂಢಿ ಆ ದೇಶದಲ್ಲಿ ಬೆಳೆದದ್ದು ಈ ಕಾವ್ಯದ ಪ್ರಭಾವದಿಂದ.

ಜೀವನ

ಲೋನ್ರೋಟ್ ಸಮ್ಮಾತ್ತಿ ಎಂಬ ಊರಿನಲ್ಲಿ ಬಡ ದರ್ಜಿಯೊಬ್ಬರ ಮಗನಾಗಿ ಜನಿಸಿದರು. ಆಗ ವಿದ್ಯಾಭ್ಯಾಸ, ಆಡಳಿತಗಳೆಲ್ಲ ಸ್ವೀಡಿಷ್ ಭಾಷೆಯಲ್ಲಿದ್ದವು. ಫಿನ್ನಿಷ್ ಕೇವಲ ರೈತರ ಮನೆಮಾತಾಗಿತ್ತು. ಇವರ ಹೆಸರೇ ಇದಕ್ಕೆ ಸಾಕ್ಷಿ. ಎಲಿಯಾಸ್ ಬೈಬಲ್ಲಿನ ಪ್ರವಾದಿಯ ಹೆಸರು. ಲೋನ್ರೋಟ್ ಎಂಬುದು ಮೇಪಲ್ ಮರದ ಬೇರು ಎಂಬರ್ಥದ ಸ್ವೀಡಿಷ್ ಪದ. ಕೆಲಕಾಲ ಔಷಧದ ಅಂಗಡಿಯಲ್ಲಿ ದುಡಿದು, 1822ರಲ್ಲಿ ತುರ್ಕು ವಿದ್ಯಾಪೀಠವನ್ನು ಸೇರಿದರು. ಪುರಾಣಪುರುಷ ವೈನಮೊಯಿನೆನ್ ಕುರಿತು 1827ರಲ್ಲಿ ಪ್ರಬಂಧ ಬರೆದರು. ಅದರ ಒಂದು ಭಾಗ ಅದೇ ವರ್ಷ ತುರ್ಕು ನಗರವನ್ನು ಸುಟ್ಟ ಬೆಂಕಿಗೆ ಆಹುತಿಯಾಯಿತು.

ವೈದ್ಯ ಪದವಿಯ ಬಳಿಕ 1833ರಿಂದ ಕಾಯಾನಿಯಲ್ಲಿ ಜಿಲ್ಲಾ ವೈದ್ಯರಾಗಿ ಸೇವೆ ಸಲ್ಲಿಸಿದರು. ಬಿಡುವು ದೊರೆತಾಗಲೆಲ್ಲ ಗಡಿಯಾಚೆಯ ಕರೇಲಿಯದ ಹಳ್ಳಿಗಳಿಗೆ ತೆರಳಿ ಹಾಡುಗಳನ್ನು ಸಂಗ್ರಹಿಸಿದರು. ಅರ್ಹಿಪ್ಪ ಪೆರ್ಟ್ಟುನೆನ್ ಇವರಿಗೆ ದೊರೆತ ಹಾಡುಗಾರರಲ್ಲಿ ಅಗ್ರಗಣ್ಯರು. 1835ರ ಮೊದಲ ಆವೃತ್ತಿಯಲ್ಲಿ 32 ಹಾಡುಗಳಿದ್ದವು. 1849ರ ಆವೃತ್ತಿ 50 ಹಾಡುಗಳಿಗೂ 22,795 ಸಾಲುಗಳಿಗೂ ಬೆಳೆಯಿತು. ಮುಂದೆ ಹೆಲ್ಸಿಂಕಿಯಲ್ಲಿ ಫಿನ್ನಿಷ್ ಭಾಷೆಯ ಪ್ರಾಧ್ಯಾಪಕರಾದರು, ಬೃಹತ್ ಫಿನ್ನಿಷ್–ಸ್ವೀಡಿಷ್ ನಿಘಂಟನ್ನು ರಚಿಸಿದರು. ಐವರು ಮಕ್ಕಳಲ್ಲಿ ನಾಲ್ವರು ಇವರ ಕಣ್ಣೆದುರೇ ತೀರಿಕೊಂಡರು. ಈಡಾ ಎಂಬ ಮಗಳೊಬ್ಬಳೇ ಉಳಿದಳು.

ಹೆಸರುಗಳು

ಅದುವರೆಗೆ ಫಿನ್ನಿಷ್ ಮಕ್ಕಳಿಗೆ ಇಡುತ್ತಿದ್ದುದು ಬಹುಪಾಲು ಚರ್ಚಿನ ಪಂಚಾಂಗದಲ್ಲಿದ್ದ ಸಂತರ ಹೆಸರುಗಳನ್ನು. ಕಾಲೆವಾಲದ ನಂತರ ಆಕಾಶವನ್ನು ಬಡಿದು ರೂಪಿಸಿದ ಕಮ್ಮಾರ ಇಲ್ಮರಿನೆನ್‌ನಿಂದ ಇಲ್ಮರಿ ಎಂಬ ಹೆಸರು ಬಂತು. ‘ಇಲ್ಮ’ ಎಂದರೆ ಗಾಳಿ. ನಿಧಾನವಾಗಿ ಹರಿಯುವ ಅಗಲ ಹೊಳೆ ಎಂಬರ್ಥದ ‘ವೈನ’ ಪದ ವೈನಮೊಯಿನೆನ್ ಹೆಸರಿನಲ್ಲಿದೆ. ಅದರ ಮೊಟಕು ರೂಪ ವೈನೊ. ತಾಪಿಯೊ ಕಾಡಿನ ದೇವರು, ಅಹ್ತಿ ನೀರಿನ ದೇವರು.

ಐನೊಳ ಕಥೆ ಬೇರೆ. ಹಳ್ಳಿಯ ಹಾಡುಗಳಲ್ಲಿ ಅದು ಹೆಸರಾಗಿರಲಿಲ್ಲ, ‘ಒಬ್ಬಳೇ ಮಗಳು’ ಎಂಬ ವಿಶೇಷಣವಾಗಿತ್ತು. ಹಾಡಿನ ಹುಡುಗಿ ನೇಣು ಹಾಕಿಕೊಂಡು ಸಾಯುತ್ತಿದ್ದಳು. ಲೋನ್ರೋಟ್ ಆ ವಿಶೇಷಣವನ್ನೇ ಅಂಕಿತನಾಮವಾಗಿಸಿ, ಮುದುಕ ವೈನಮೊಯಿನೆನ್‌ನನ್ನು ಮದುವೆಯಾಗಲೊಲ್ಲದೆ ನೀರುಪಾಲಾಗುವ ಕನ್ಯೆಯನ್ನು ಚಿತ್ರಿಸಿದರು. ದುರಂತಕ್ಕೀಡಾದವಳ ಹೆಸರೆಂದು ತಂದೆತಾಯಿಗಳು ಹಿಂಜರಿಯಲಿಲ್ಲ. 1871ರಲ್ಲಿ ಜನಿಸಿದ, ಸಂಗೀತಕಾರ ಸಿಬೇಲಿಯಸ್ ಅವರ ಪತ್ನಿಯ ಹೆಸರೂ ಐನೊ.

ತುಳುನಾಡಿನ ನಂಟು

ಸಂಗ್ರಾಹಕನಿಗೆ ಹಾಡನ್ನು ತಿದ್ದುವ ಅಧಿಕಾರವಿದೆಯೇ ಎಂಬ ಚರ್ಚೆ ಲೋನ್ರೋಟ್ ಅವರನ್ನು ಬಿಟ್ಟಿಲ್ಲ. ಈ ಪ್ರಶ್ನೆಯಲ್ಲಿ ಆಸಕ್ತರಾದ ಫಿನ್ನಿಷ್ ವಿದ್ವಾಂಸ ಲೌರಿ ಹೊಂಕೊ ಅವರು 1990ರಲ್ಲಿ ಬೆಳ್ತಂಗಡಿ ತಾಲೂಕಿನ ಮಾಚಾರಿನ ಗೋಪಾಲ ನಾಯ್ಕರು ಹಾಡಿದ ಸಿರಿ ಪಾಡ್ದನವನ್ನು ಬಿ. ಎ. ವಿವೇಕ ರೈ ಹಾಗೂ ಕೆ. ಚಿನ್ನಪ್ಪ ಗೌಡರ ಸಹಕಾರದಿಂದ ಧ್ವನಿಮುದ್ರಿಸಿದರು. ಇಲ್ಲಿ ಹಲವರ ಹಾಡುಗಳ ಹೊಲಿಗೆಯಿಲ್ಲ. ಒಬ್ಬರೇ ಹಾಡಿದ 15,683 ಸಾಲುಗಳು 1998ರಲ್ಲಿ ಅಚ್ಚಾದವು. ಸಿರಿಯ ಸಂತತಿಯ ಅವಳಿಗಳಾದ ಅಬ್ಬಗ, ದಾರಗರಲ್ಲಿ ಚೆನ್ನೆಮಣೆ ಆಟದಿಂದ ಜಗಳ ಹುಟ್ಟಿ, ಒಬ್ಬಳು ಇನ್ನೊಬ್ಬಳನ್ನು ಹೊಡೆದು ಕೊಂದು ತಾನೂ ಬಾವಿಗೆ ಹಾರುತ್ತಾಳೆ. ಐನೊಳಂತೆ ಇವರೂ ಅಕಾಲದಲ್ಲಿ ಅಳಿದವರು. ಸಿರಿ ಜಾತ್ರೆಯಲ್ಲಿ ಆವೇಶಗೊಂಡ ಹೆಂಗಸರು ಸಿರಿ, ಸೊನ್ನೆ, ಗಿಂಡೆ, ಅಬ್ಬಗ, ದಾರಗ ಎಂದು ಈ ಹೆಸರುಗಳಲ್ಲೊಂದನ್ನು ತಮ್ಮದೆಂದು ಹೇಳಿಕೊಳ್ಳುತ್ತಾರೆ.