ಕಾಫಿ ತೋಟದ ಮನೆಯಿಂದ ಡೆಹ್ರಾಡೂನ್‌ಗೆ: ಜನರಲ್ ತಿಮ್ಮಯ್ಯ ಓದಿದ ಸೇನಾ ಶಾಲೆಯ ಕಥೆ

ಮಡಿಕೇರಿ: ತಿಮ್ಮಯ್ಯ ವೃತ್ತದ ಸುತ್ತಮುತ್ತ ದಿನಾ ಅಂಗಡಿ ಬಾಗಿಲು ತೆಗೆಯೋರಿಗೆ ಆ ಪ್ರತಿಮೆ ಹೊಸದೇನಲ್ಲ. ನಿಂತು ನೋಡೋರು ಕಡಿಮೆ. 2023ರ ಆಗಸ್ಟ್‌ನಲ್ಲಿ ಬಸ್ಸೊಂದು ಡಿಕ್ಕಿ ಹೊಡೆದು ಪ್ರತಿಮೆ ಕೆಳಗೆ ಬಿದ್ದಾಗ ಮಾತ್ರ ಜಿಲ್ಲೆಯಲ್ಲೆಲ್ಲಾ ಅದೇ ಮಾತಾಗಿತ್ತು. ಆಮೇಲೆ ರಿಪೇರಿಯಾಗಿ ಮತ್ತೆ ಎದ್ದು ನಿಂತಿತು.

ಮಾರ್ಚ್ ತಿಂಗಳ ಕೊನೆಗೆ ಜಯಂತಿ ಬಂದಾಗ ಹೂಮಾಲೆ ಹಾಕ್ತಾರೆ, ಭಾಷಣ ಮಾಡ್ತಾರೆ. ಭಾಷಣಗಳಲ್ಲಿ ಜೋಜಿ ಲಾ ಬರುತ್ತೆ, ಕೊರಿಯಾ ಬರುತ್ತೆ, ಸೈಪ್ರಸ್ ಬರುತ್ತೆ. ಆದರೆ ಮಡಿಕೇರಿಯ ಒಬ್ಬ ಹುಡುಗ ಬ್ರಿಟಿಷರ ಕಾಲದಲ್ಲಿ ಆಫೀಸರ್ ಆಗೋದಕ್ಕೆ ಯಾವ ಬಾಗಿಲಿನಿಂದ ಒಳಗೆ ಹೋದ, ಆ ಬಾಗಿಲು ಯಾರಿಗೆ ತೆರೆದಿತ್ತು, ಯಾರಿಗೆ ಮುಚ್ಚಿತ್ತು ಅನ್ನೋದನ್ನ ಹೇಳೋರು ಅಪರೂಪ.

ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ ಹುಟ್ಟಿದ್ದು 1906ರ ಮಾರ್ಚ್‌ನಲ್ಲಿ, ಮಡಿಕೇರಿಯಲ್ಲಿ. ಕಾಫಿ ತೋಟದ ಅನುಕೂಲಸ್ಥ ಮನೆತನ. ತಾಯಿ ಚೆಪ್ಪುಡಿರ ಮನೆತನದವರು, ಓದಿದವರು. ಸಮಾಜ ಸೇವೆಗೆ ಸರ್ಕಾರದಿಂದ ಕೈಸರ್-ಇ-ಹಿಂದ್ ಪದಕ ಪಡೆದಿದ್ದರು. ಆರು ಮಕ್ಕಳು, ಮೂವರು ಗಂಡು, ಮೂವರು ಹೆಣ್ಣು. ಮೂವರು ಗಂಡು ಮಕ್ಕಳೂ ಸೇನೆ ಸೇರಿದರು.

ತಿಮ್ಮಯ್ಯ ಅವರನ್ನು ಎಂಟನೇ ವಯಸ್ಸಿಗೇ ಕೂನೂರಿನ ಸೇಂಟ್ ಜೋಸೆಫ್ಸ್ ಬೋರ್ಡಿಂಗ್ ಶಾಲೆಗೆ ಸೇರಿಸಿದರು. ಅದನ್ನು ನಡೆಸುತ್ತಿದ್ದವರು ಐರಿಶ್ ಬ್ರದರ್‌ಗಳು. ಅಲ್ಲಿಂದ ಬೆಂಗಳೂರಿನ ಬಿಷಪ್ ಕಾಟನ್ ಶಾಲೆ. ಎಂಟು ವರ್ಷದ ಮಗುವನ್ನು ಬೆಟ್ಟ ದಾಟಿಸಿ ಬಿಟ್ಟು ಬರೋದು ಅಂದ್ರೆ ಇವತ್ತಿನ ತಂದೆ ತಾಯಿಗೂ ಕರುಳು ಚುರ್ ಅನ್ನುತ್ತೆ. ಆದರೆ ಆ ಕಾಲದ ತೋಟದ ಮನೆಗಳ ಲೆಕ್ಕಾಚಾರ ಬೇರೆ ಇತ್ತು. ಇಂಗ್ಲಿಷ್ ಬಾರದೆ ಸರ್ಕಾರಿ ಹುದ್ದೆಯೂ ಇಲ್ಲ, ಸೇನೆಯ ದೊಡ್ಡ ಪದವಿಯಂತೂ ದೂರದ ಮಾತು.

ಆಗ ಭಾರತೀಯರು ಸೇನೆಯಲ್ಲಿ ಲಕ್ಷಗಟ್ಟಲೆ ಇದ್ದರು. ಆದರೆ ಸಿಪಾಯಿಯಾಗಿ ಸೇರಿದವ ಸುಬೇದಾರ್ ಆಗಬಹುದು, ಹೆಚ್ಚೆಂದರೆ ಸುಬೇದಾರ್ ಮೇಜರ್. ಅದರ ಮೇಲಿನ ಕುರ್ಚಿ ಬ್ರಿಟಿಷರಿಗೇ ಮೀಸಲು. ಲಾರ್ಡ್ ಕರ್ಜನ್ 1901ರಲ್ಲಿ ರಾಜಮನೆತನದ ಹುಡುಗರಿಗೆ ಅಂತ ಇಂಪೀರಿಯಲ್ ಕೆಡೆಟ್ ಕೋರ್ ಶುರು ಮಾಡಿದ್ದ. ಅದರಿಂದ ಬಂದವರಿಗೂ ನಿಜವಾದ ಅಧಿಕಾರ ಸಿಗಲಿಲ್ಲ. ಮೊದಲ ಮಹಾಯುದ್ಧದಲ್ಲಿ ಭಾರತದ ಸೈನಿಕರು ಫ್ರಾನ್ಸ್‌ನಲ್ಲಿ, ಇರಾಕ್‌ನಲ್ಲಿ ರಕ್ತ ಸುರಿಸಿದ ಮೇಲೆ ಸರ್ಕಾರಕ್ಕೆ ಏನಾದರೂ ಕೊಡಲೇಬೇಕಾಯ್ತು. 1918ರಲ್ಲಿ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್ ಸೇನಾ ಕಾಲೇಜಿನಲ್ಲಿ ಭಾರತೀಯರಿಗೆ ವರ್ಷಕ್ಕೆ 10 ಸೀಟು ಕೊಟ್ಟರು. ಇಡೀ ದೇಶಕ್ಕೆ ಹತ್ತೇ ಹತ್ತು! ಅದೇ ಹೊತ್ತಿನಲ್ಲಿ ಇಂದೋರಿನ ಡೇಲಿ ಕಾಲೇಜಿನಲ್ಲಿ ತಾತ್ಕಾಲಿಕವಾಗಿ ಒಂದು ಕೆಡೆಟ್ ಶಾಲೆಯೂ ನಡೆಯಿತು. ನಮ್ಮ ಕೊಡಗಿನ ಕೆ.ಎಂ. ಕಾರ್ಯಪ್ಪ ಆಫೀಸರ್ ಆಗಿ ಬಂದಿದ್ದು ಅಲ್ಲಿಂದ. ತಿಮ್ಮಯ್ಯ ಅವರ ಸೋದರಮಾವ ಸಿ.ಬಿ. ಪೊನ್ನಪ್ಪ ಕೂಡ ಅಲ್ಲಿಂದಲೇ ಹೊರಬಂದವರು. ಹಾಗಾಗಿ ಮನೆಯಲ್ಲಿ ಒಬ್ಬರು ಆಗಲೇ ಆ ದಾರಿ ನೋಡಿ ಬಂದಿದ್ದರು.

ಸ್ಯಾಂಡ್‌ಹರ್ಸ್ಟ್‌ಗೆ ಹೋದ ಮೊದಮೊದಲ ಭಾರತೀಯ ಹುಡುಗರಲ್ಲಿ ಹಲವರು ಅಲ್ಲಿ ಒದ್ದಾಡಿದರು, ಫೇಲಾದರು. ಬುದ್ಧಿ ಕಡಿಮೆ ಅಂತಲ್ಲ. ಅಲ್ಲಿನ ಇಂಗ್ಲಿಷ್ ಹುಡುಗರು ಚಿಕ್ಕಂದಿನಿಂದ ಬೋರ್ಡಿಂಗ್ ಶಾಲೆಯಲ್ಲೇ ಬೆಳೆದವರು. ಊಟದ ಮೇಜು, ಆಟದ ಮೈದಾನ, ಮಾತಿನ ಧಾಟಿ ಎಲ್ಲವೂ ಅವರಿಗೆ ಅಭ್ಯಾಸ. ನಮ್ಮವರಿಗೆ ಒಂದೇ ಸಲಕ್ಕೆ ಭಾಷೆಯೂ ಹೊಸದು, ಚಳಿಯೂ ಹೊಸದು, ಪಾಠವೂ ಹೊಸದು. ಅದಕ್ಕೆ ಭಾರತದಲ್ಲೇ ಒಂದು ಶಾಲೆ ಮಾಡಿ, ಎಳವೆಯಲ್ಲೇ ಹುಡುಗರನ್ನು ಆ ಅಚ್ಚಿಗೆ ಹಾಕಬೇಕು ಅನ್ನೋ ತೀರ್ಮಾನಕ್ಕೆ ಬಂದರು. 1922ರ ಮಾರ್ಚ್ 13ರಂದು ಡೆಹ್ರಾಡೂನ್‌ನಲ್ಲಿ, ಹಳೇ ಕೆಡೆಟ್ ಕೋರ್ ಇದ್ದ ಜಾಗದಲ್ಲೇ, ವೇಲ್ಸ್ ರಾಜಕುಮಾರ ಎಡ್ವರ್ಡ್ ಆ ಶಾಲೆಯನ್ನು ಉದ್ಘಾಟಿಸಿದ. ಪ್ರಿನ್ಸ್ ಆಫ್ ವೇಲ್ಸ್ ರಾಯಲ್ ಇಂಡಿಯನ್ ಮಿಲಿಟರಿ ಕಾಲೇಜ್ ಅನ್ನೋ ಉದ್ದದ ಹೆಸರು. ಕಾಲೇಜು ಅಂತ ಹೆಸರಿದ್ದರೂ ಅದು ಶಾಲೆಯೇ. ಮೊದಲ ತಂಡದಲ್ಲಿ ಇದ್ದ ಹುಡುಗರು 37. ಶುರುವಿನ ದಿನಗಳಲ್ಲಿ ಆ ಗೇಟು ದಾಟಿದವರಲ್ಲಿ ತಿಮ್ಮಯ್ಯ ಕೂಡ ಒಬ್ಬರು.

ಅಲ್ಲಿನ ದಿನಚರಿ ಇಂಗ್ಲೆಂಡಿನ ಪಬ್ಲಿಕ್ ಸ್ಕೂಲಿನ ನಕಲು. ಬೆಳಗಾಗುತ್ತಿದ್ದಂತೆ ಪಿಟಿ, ಡ್ರಿಲ್. ಆಮೇಲೆ ಇಂಗ್ಲಿಷ್‌ನಲ್ಲೇ ಪಾಠ. ಮಧ್ಯಾಹ್ನದ ಮೇಲೆ ಕಡ್ಡಾಯ ಆಟ. ಹುಡುಗರನ್ನು ಸೆಕ್ಷನ್ ಅಂತ ಗುಂಪು ಮಾಡಿ ಒಂದರ ಮೇಲೊಂದು ಪೈಪೋಟಿಗೆ ಬಿಡುತ್ತಿದ್ದರು. ದೊಡ್ಡ ಹುಡುಗರು ಚಿಕ್ಕವರ ಮೇಲೆ ಮುಂದಾಳುಗಳು. ಶಿಸ್ತು ತಪ್ಪಿದರೆ ಶಿಕ್ಷೆ. ಪಂಜಾಬಿನ ಮುಸ್ಲಿಂ ಹುಡುಗ, ಸಿಖ್ ಹುಡುಗ, ರಜಪೂತ, ಮರಾಠ, ಕೊಡವ ಎಲ್ಲರೂ ಒಂದೇ ಸೂರಿನಡಿ. ಒಬ್ಬರ ಮನೆ ಮಾತು ಇನ್ನೊಬ್ಬರಿಗೆ ಬರಲ್ಲ, ಇಂಗ್ಲಿಷೇ ಗತಿ. ಬಂದೂಕು ಹಿಡಿಯೋದನ್ನ ಕಲಿಸೋದಕ್ಕಿಂತ ಹೆಚ್ಚಾಗಿ ಅಲ್ಲಿ ಕಲಿಸಿದ್ದು ಸಾಹೇಬರ ಜೊತೆ ಸಾಹೇಬರ ಹಾಗೆ ಬದುಕೋದನ್ನ. ಬ್ರಿಟಿಷರಿಗೆ ಬೇಕಾಗಿದ್ದೂ ಅದೇ: ಮೈಬಣ್ಣ ಭಾರತದ್ದು, ನಡವಳಿಕೆ ಇಂಗ್ಲೆಂಡಿನದು.

ಕೂನೂರು, ಬೆಂಗಳೂರು ದಾಟಿ ಬಂದ ತಿಮ್ಮಯ್ಯ ಅವರಿಗೆ ಬೋರ್ಡಿಂಗ್ ಬದುಕು ಹೊಸದಲ್ಲ. ಆಟದಲ್ಲೂ ಮುಂದಿದ್ದರು. ಡೆಹ್ರಾಡೂನ್ ಮುಗಿಸಿದಾಗ ಸ್ಯಾಂಡ್‌ಹರ್ಸ್ಟ್‌ಗೆ ಆಯ್ಕೆಯಾದವರು ಆರೇ ಮಂದಿ. ಅದರಲ್ಲಿ ಅವರೊಬ್ಬರು. 1926ರ ಫೆಬ್ರವರಿಯಲ್ಲಿ, ಇನ್ನೂ 20 ತುಂಬುವ ಮೊದಲೇ, ಹೆಗಲ ಮೇಲೆ ಆಫೀಸರ್ ನಕ್ಷತ್ರ ಬಂತು.

ಇಲ್ಲೊಂದು ಮಾತು ಹೇಳಲೇಬೇಕು. ಈ ದಾರಿ ಜಾಣತನ ಒಂದರಿಂದ ತೆರೆಯುತ್ತಿರಲಿಲ್ಲ. ಡೆಹ್ರಾಡೂನ್ ಶಾಲೆಯ ಫೀಸು ಸಾಮಾನ್ಯ ಸಂಸಾರಕ್ಕೆ ನಿಲುಕುವಂಥದ್ದಲ್ಲ. ಇಂಗ್ಲೆಂಡಿನ ಖರ್ಚಂತೂ ಕೇಳೋದೇ ಬೇಡ. ತೋಟ ಇದ್ದವರ ಮನೆ ಹುಡುಗ ಹೋದ. ಅದೇ ತೋಟದ ಕೂಲಿಯ ಮಗ, ಸಂತೆ ವ್ಯಾಪಾರಿಯ ಮಗ, ಎಷ್ಟೇ ಚುರುಕಾಗಿದ್ದರೂ ಸಿಪಾಯಿ ಸಾಲಿನಲ್ಲೇ ನಿಲ್ಲಬೇಕಿತ್ತು. ತಿಮ್ಮಯ್ಯ ಅವರ ಸಾಮರ್ಥ್ಯವನ್ನು ಇದು ಕಡಿಮೆ ಮಾಡಲ್ಲ. ಆದರೆ ಆ ಕಾಲ ಹೇಗಿತ್ತು ಅನ್ನೋದು ಗೊತ್ತಿರಬೇಕು.

ಒಳಗೆ ಹೋದ ಮೇಲೂ ಮರ್ಯಾದೆ ಪೂರ್ತಿ ಸಿಗಲಿಲ್ಲ. 1923ರಿಂದ ಸರ್ಕಾರ 8 ಪಡೆಗಳನ್ನು ಮಾತ್ರ ಭಾರತೀಯ ಆಫೀಸರ್‌ಗಳಿಗೆ ಅಂತ ಗುರುತು ಮಾಡಿತ್ತು. ಯಾವ ಬ್ರಿಟಿಷ್ ಆಫೀಸರ್ ಕೂಡ ಭಾರತೀಯನ ಕೈಕೆಳಗೆ ಬರಬಾರದು ಅನ್ನೋದೇ ಅದರ ಒಳಗುಟ್ಟು. ತಿಮ್ಮಯ್ಯ ಸೇರಿದ 19ನೇ ಹೈದರಾಬಾದ್ ರೆಜಿಮೆಂಟಿನ 4ನೇ ಬೆಟಾಲಿಯನ್ ಆ ಎಂಟರಲ್ಲಿ ಒಂದು. ಈಗ ಅದು ಕುಮಾವೂನ್ ರೆಜಿಮೆಂಟ್. ಬ್ರಿಟಿಷರ ಎಷ್ಟೋ ಕ್ಲಬ್ಬುಗಳಲ್ಲಿ ಭಾರತೀಯ ಆಫೀಸರ್‌ಗೆ ಪ್ರವೇಶವೇ ಇರಲಿಲ್ಲ. ಹೊರಗೆ ಬಂದರೆ ಸ್ವಾತಂತ್ರ್ಯ ಚಳವಳಿ ಕಾವೇರಿತ್ತು. ಬ್ರಿಟಿಷರ ಸಮವಸ್ತ್ರ ಹಾಕಿದ ಭಾರತೀಯನನ್ನು ಜನ ಅನುಮಾನದಿಂದಲೇ ನೋಡ್ತಿದ್ದರು. ಅಲಹಾಬಾದ್‌ನಲ್ಲಿದ್ದಾಗ ಮೋತಿಲಾಲ್ ನೆಹರೂ ಅವರ ಪರಿಚಯವಾಯಿತು. ರಾಜೀನಾಮೆ ಕೊಟ್ಟು ಚಳವಳಿಗೆ ಬರೋಣವೇ ಅಂತ ಯುವ ಆಫೀಸರ್‌ಗಳು ಕೇಳಿದಾಗ, ಬೇಡ, ಒಳಗೇ ಇದ್ದು ಕೆಲಸ ಕಲಿಯಿರಿ, ಸ್ವತಂತ್ರ ದೇಶಕ್ಕೆ ನಾಳೆ ನಿಮ್ಮಂಥವರು ಬೇಕಾಗ್ತಾರೆ ಅನ್ನೋ ಅರ್ಥದಲ್ಲಿ ಮೋತಿಲಾಲ್ ಬುದ್ಧಿ ಹೇಳಿದರಂತೆ. ತಿಮ್ಮಯ್ಯ ಉಳಿದರು.

1935ರ ಜನವರಿಯಲ್ಲಿ ನೀನಾ ಅವರ ಜೊತೆ ಮದುವೆ. ಅದೇ ವರ್ಷ ಕ್ವೆಟ್ಟಾದಲ್ಲಿ ಭೂಕಂಪವಾದಾಗ ಗಂಡ ಹೆಂಡತಿ ಇಬ್ಬರೂ ಪರಿಹಾರ ಕೆಲಸಕ್ಕೆ ಇಳಿದರು. ನೀನಾ ಅವರಿಗೂ ಕೈಸರ್-ಇ-ಹಿಂದ್ ಪದಕ ಬಂತು. ಅತ್ತೆಗೂ ಸೊಸೆಗೂ ಒಂದೇ ಪದಕ!

ಎರಡನೇ ಮಹಾಯುದ್ಧ ಆ ಮನೆಯನ್ನೇ ಎರಡು ಭಾಗ ಮಾಡಿತು. ಅಣ್ಣ ಪೊನ್ನಪ್ಪ ಸುಭಾಷರ ಐಎನ್ಎ ಸೇರಿದರು. ತಮ್ಮ ತಿಮ್ಮಯ್ಯ ಬರ್ಮಾದಲ್ಲಿ ಬ್ರಿಟಿಷ್ ಇಂಡಿಯನ್ ಸೇನೆಯ ಪರ ಜಪಾನೀಯರ ವಿರುದ್ಧ ಹೋರಾಡಿದರು. ಒಂದೇ ತಾಯಿಯ ಮಕ್ಕಳು ಎದುರುಬದುರು ಸೇನೆಗಳಲ್ಲಿ. ಅರಾಕಾನ್ ಕಾಡುಗಳಲ್ಲಿ, ಕಾಂಗಾವ್ ಕದನದಲ್ಲಿ ತಿಮ್ಮಯ್ಯ ಹೆಸರು ಮಾಡಿದರು, ಡಿಎಸ್ಒ ಪದಕ ಪಡೆದರು. ಆ ಯುದ್ಧದಲ್ಲಿ ರಣರಂಗದಲ್ಲೇ ಒಂದು ಇನ್‌ಫೆಂಟ್ರಿ ಬ್ರಿಗೇಡನ್ನು ಮುನ್ನಡೆಸಿದ ಏಕೈಕ ಭಾರತೀಯ ಅವರು. ಭಾರತೀಯನಿಗೆ ಮುಂದಾಳತ್ವ ಬರುತ್ತಾ ಅಂತ ಪರೀಕ್ಷೆ ಮಾಡೋಕೆ ಡೆಹ್ರಾಡೂನ್‌ನಲ್ಲಿ ಶಾಲೆ ಕಟ್ಟಿ 25 ವರ್ಷವೂ ಆಗಿರಲಿಲ್ಲ.

ಆ ಶಾಲೆಯ ಹುಡುಗರನ್ನು ದೇಶ ವಿಭಜನೆಯೂ ಎರಡು ಕಡೆ ಮಾಡಿತು. 1947ರ ನವೆಂಬರ್ 3ರಂದು ಬಡ್ಗಾಮ್‌ನಲ್ಲಿ ಪ್ರಾಣ ಕೊಟ್ಟು ಮೊದಲ ಪರಮವೀರ ಚಕ್ರ ಪಡೆದ ಮೇಜರ್ ಸೋಮನಾಥ ಶರ್ಮಾ ಅಲ್ಲಿ ಓದಿದವರು. ಮುಂದೆ ಪಾಕಿಸ್ತಾನದ ವಾಯುಪಡೆ ಮುಖ್ಯಸ್ಥರಾದ ಅಸ್ಗರ್ ಖಾನ್, ನೂರ್ ಖಾನ್ ಕೂಡ ಅಲ್ಲಿಯವರೇ.

ಕಾಶ್ಮೀರದಲ್ಲಿ ತಿಮ್ಮಯ್ಯ 19ನೇ ಡಿವಿಜನ್ನಿನ ಮುಖ್ಯಸ್ಥರು. 1948ರ ಮೇ ತಿಂಗಳಲ್ಲಿ ಏರ್ ಕಮೋಡೋರ್ ಮೆಹರ್ ಸಿಂಗ್ ಡಕೋಟಾ ವಿಮಾನವನ್ನು ಮೊದಲ ಸಲ ಲೇಹ್‌ನಲ್ಲಿ ಇಳಿಸಿದಾಗ ಅದರಲ್ಲಿ ತಿಮ್ಮಯ್ಯ ಕೂತಿದ್ದರು. ಸರಿಯಾದ ರನ್‌ವೇ ಇಲ್ಲ, ಸುತ್ತ ಹಿಮದ ಬೆಟ್ಟ. ನವೆಂಬರ್ 1ರಂದು ಜೋಜಿ ಲಾ ಕಣಿವೆದಾರಿಗೆ ಟ್ಯಾಂಕ್ ನುಗ್ಗಿಸಿದ್ದು ಇನ್ನೂ ದೊಡ್ಡ ಸಾಹಸ. 11 ಸಾವಿರ ಅಡಿಗೂ ಮೇಲೆ, ಆ ಚಳಿಯಲ್ಲಿ ಟ್ಯಾಂಕ್ ಬರಬಹುದು ಅಂತ ಎದುರಾಳಿಗಳು ಕನಸಲ್ಲೂ ಎಣಿಸಿರಲಿಲ್ಲ. ಗುಟ್ಟು ಬಯಲಾಗದಿರಲಿ ಅಂತ ಸ್ಟುವರ್ಟ್ ಟ್ಯಾಂಕ್‌ಗಳ ಮೇಲ್ಭಾಗ ಬಿಚ್ಚಿ ಸಾಗಿಸಿದ್ದರು. ದಾಳಿಯ ದಿನ ಡಿವಿಜನ್ ಕಮಾಂಡರ್ ಹಿಂದೆ ಟೆಂಟಿನಲ್ಲಿ ಕೂರಲಿಲ್ಲ, ಮುಂದಿನ ಟ್ಯಾಂಕಿನಲ್ಲೇ ಹೋದರು. ಲೇಹ್ ದಾರಿ ತೆರೆಯಿತು. ಅದೇ ಕಾಶ್ಮೀರದಲ್ಲಿ ತಮ್ಮ ಸೋಮಯ್ಯ ನೆಲಬಾಂಬ್ ಸ್ಫೋಟಕ್ಕೆ ಬಲಿಯಾದರು. ಆ ಮನೆಗೆ ಗೆಲುವೂ ಸಾವೂ ಒಂದೇ ಯುದ್ಧದಿಂದ ಬಂದವು.

ಕೊರಿಯಾದಲ್ಲಿ ಯುದ್ಧಕೈದಿಗಳ ವಿಷಯ ನೋಡಿಕೊಳ್ಳಲು ನೇಮಿಸಿದ ತಟಸ್ಥ ದೇಶಗಳ ಆಯೋಗಕ್ಕೆ 1953ರಲ್ಲಿ ಅವರೇ ಅಧ್ಯಕ್ಷರು. ಮರುವರ್ಷ ಪದ್ಮಭೂಷಣ. 1957ರ ಮೇ ತಿಂಗಳಲ್ಲಿ ಭೂಸೇನೆಯ ಮುಖ್ಯಸ್ಥರಾದರು. ಕಾರ್ಯಪ್ಪ ಅವರ ನಂತರ ಆ ಸ್ಥಾನಕ್ಕೆ ಹೋದ ಎರಡನೇ ಕೊಡಗಿನವರು.

ರಕ್ಷಣಾ ಮಂತ್ರಿ ವಿ.ಕೆ. ಕೃಷ್ಣ ಮೆನನ್ ಜೊತೆ ಮಾತ್ರ ಹೊಂದಲಿಲ್ಲ. ಸೇನೆಯ ಬಡ್ತಿ, ನೇಮಕದಲ್ಲಿ ಮಂತ್ರಿಯ ಕೈ ಜಾಸ್ತಿಯಾಯ್ತು ಅನ್ನೋದು ತಿಮ್ಮಯ್ಯ ಅವರ ಅಸಮಾಧಾನ. 1959ರ ಆಗಸ್ಟ್ ಕೊನೆಯಲ್ಲಿ ರಾಜೀನಾಮೆ ಬರೆದುಕೊಟ್ಟರು. ಪ್ರಧಾನಿ ನೆಹರೂ ಕರೆದು ಮಾತಾಡಿ ವಾಪಸ್ ತೆಗೆಸಿದರು. ಸುದ್ದಿ ಪತ್ರಿಕೆಗೆ ಬಂತು, ಸಂಸತ್ತಿನಲ್ಲಿ ಗದ್ದಲವಾಯ್ತು, ನೆಹರೂ ಅಲ್ಲಿ ಎದ್ದು ನಿಂತು ಮೆನನ್ ಪರ ವಹಿಸಿ ಮಾತಾಡಿದರು. ತಿಮ್ಮಯ್ಯ ನಡೆದುಕೊಂಡ ರೀತಿ ಸರಿಯಿಲ್ಲ ಅಂದರು. ಬಾಯಿ ಬಿಟ್ಟು ಉತ್ತರ ಕೊಡುವ ಹಾಗಿಲ್ಲ, ಸಮವಸ್ತ್ರ ಮೈಮೇಲಿದೆ. ಹದಿಹರೆಯದಿಂದ ಕಲಿತ ಶಿಸ್ತು ಅದು. ರಾಜೀನಾಮೆ ವಾಪಸ್ ತೆಗೆದುಕೊಂಡಿದ್ದೇ ಅವರ ತಪ್ಪು ಅಂತ ಹೇಳೋರೂ ಇದ್ದಾರೆ. ಆದರೆ ಚುನಾಯಿತ ಪ್ರಧಾನಿಯ ಮಾತು ಮೀರಿ ನಿಲ್ಲುವ ಜನರಲ್‌ಗಳು ನೆರೆ ದೇಶಗಳಲ್ಲಿ ಏನು ಮಾಡಿದರು ಅನ್ನೋದನ್ನೂ ನೆನಪಿಡಬೇಕು. ಉಳಿದ ಅವಧಿ ಮುಗಿಸಿ 1961ರ ಮೇ ತಿಂಗಳಲ್ಲಿ ನಿವೃತ್ತರಾದರು. 1962ರ ಅಕ್ಟೋಬರ್‌ನಲ್ಲಿ ಚೀನಾ ದಾಳಿ. ಸೋಲಿನ ನಂತರ ಮೆನನ್ ಹುದ್ದೆ ಬಿಡಬೇಕಾಯಿತು.

ಈ ಕಥೆಯಲ್ಲಿ ವಿಚಿತ್ರವಾದ ತಿರುವು ಒಂದಿದೆ. ತಿಮ್ಮಯ್ಯ ನಿವೃತ್ತಿಯಾದ ಅದೇ 1961ರಲ್ಲಿ ದೇಶದಲ್ಲಿ ಸೈನಿಕ ಶಾಲೆಗಳು ಶುರುವಾದವು. ಅನುಕೂಲಸ್ಥರ ಮಕ್ಕಳು, ಕೆಲವೇ ಪ್ರಾಂತ್ಯದವರು ಮಾತ್ರ ಆಫೀಸರ್ ಆಗೋದು ತಪ್ಪಬೇಕು, ಸಾಮಾನ್ಯರ ಮಕ್ಕಳೂ ಬರಬೇಕು ಅನ್ನೋದು ಅದರ ಉದ್ದೇಶ. ಆ ಯೋಜನೆಯ ಹಿಂದಿದ್ದ ಮಂತ್ರಿ ಬೇರಾರೂ ಅಲ್ಲ, ಕೃಷ್ಣ ಮೆನನ್. ಕರ್ನಾಟಕದಲ್ಲಿ 1963ರಲ್ಲಿ ವಿಜಯಪುರಕ್ಕೆ ಒಂದು ಶಾಲೆ ಬಂತು. ನಮ್ಮ ಜಿಲ್ಲೆಗೆ ಬರೋದಕ್ಕೆ ಮಾತ್ರ 2007 ಆಗಬೇಕಾಯ್ತು, ಕೂಡಿಗೆಯಲ್ಲಿ.

ತಿಮ್ಮಯ್ಯ ನಿವೃತ್ತಿಯಾದರೂ ಮನೆಯಲ್ಲಿ ಹೆಚ್ಚು ದಿನ ಇರಲಿಲ್ಲ. 1964ರಲ್ಲಿ ವಿಶ್ವಸಂಸ್ಥೆ ಅವರನ್ನು ಸೈಪ್ರಸ್ ಶಾಂತಿಪಡೆಯ ಕಮಾಂಡರ್ ಮಾಡಿತು. ಗ್ರೀಕರು, ತುರ್ಕರು ಜಗಳವಾಡುತ್ತಿದ್ದ ದ್ವೀಪ. 1965ರ ಡಿಸೆಂಬರ್ 18ರಂದು ಅಲ್ಲೇ ಕೆಲಸದಲ್ಲಿದ್ದಾಗಲೇ ತೀರಿಕೊಂಡರು. ವಯಸ್ಸು 59. ಪಾರ್ಥಿವ ಶರೀರವನ್ನು ಬೆಂಗಳೂರಿಗೆ ತಂದರು. ಮರುವರ್ಷ ಸೈಪ್ರಸ್ ಸರ್ಕಾರ ಅವರ ನೆನಪಿಗೆ ಅಂಚೆಚೀಟಿ ಹೊರಡಿಸಿತು.

ಮಡಿಕೇರಿಯ ಅವರ ಮನೆ ಸನ್ನಿ ಸೈಡ್ ಬಹಳ ಕಾಲ ಆರ್‌ಟಿಒ ಕಚೇರಿಯಾಗಿತ್ತು. ಲೈಸೆನ್ಸ್‌ಗೆ ಅಂತ ಅಲ್ಲಿಗೆ ಹೋಗಿ ಬಂದವರು ತಾಲೂಕಿನಲ್ಲಿ ಬೇಕಾದಷ್ಟು ಮಂದಿ ಸಿಗ್ತಾರೆ. 2021ರ ಫೆಬ್ರವರಿಯಲ್ಲಿ ರಾಷ್ಟ್ರಪತಿ ರಾಮನಾಥ ಕೋವಿಂದ್ ಬಂದು ಅದನ್ನು ಮ್ಯೂಸಿಯಂ ಆಗಿ ಉದ್ಘಾಟಿಸಿದರು.

ಡೆಹ್ರಾಡೂನ್ ಶಾಲೆ ಈಗ ರಾಷ್ಟ್ರೀಯ ಇಂಡಿಯನ್ ಮಿಲಿಟರಿ ಕಾಲೇಜ್. ಇರೋದು ಸುಮಾರು 250 ಮಕ್ಕಳು. ಎಂಟನೇ ಕ್ಲಾಸಿಗೆ ಸೇರಿಸಿಕೊಳ್ತಾರೆ, ವಯಸ್ಸು ಹನ್ನೊಂದೂವರೆಯಿಂದ ಹದಿಮೂರರ ಒಳಗಿರಬೇಕು. ವರ್ಷಕ್ಕೆ ಎರಡು ಸಲ ಪ್ರವೇಶ ಪರೀಕ್ಷೆ: ಇಂಗ್ಲಿಷ್, ಗಣಿತ, ಸಾಮಾನ್ಯ ಜ್ಞಾನ, ಆಮೇಲೆ ಸಂದರ್ಶನ, ವೈದ್ಯಕೀಯ ತಪಾಸಣೆ. ಕರ್ನಾಟಕದ ಮಕ್ಕಳು ಬೆಂಗಳೂರಿನಲ್ಲೇ ಪರೀಕ್ಷೆ ಬರೆಯಬಹುದು. ನೂರು ವರ್ಷ ಹುಡುಗರಿಗೆ ಮಾತ್ರ ಇದ್ದ ಆ ಶಾಲೆಗೆ 2022ರಿಂದ ಹುಡುಗಿಯರೂ ಸೇರ್ತಿದ್ದಾರೆ.