ಪದವಿ ಬಿಟ್ಟು ಮಾತು ಉಳಿಸಿಕೊಂಡ ವಿ.ವಿ. ಗಿರಿ

ಮಹಾರಾಷ್ಟ್ರದ ಸರಕಾರಿ ನೌಕರರೂ ಅಧ್ಯಾಪಕರೂ ಹಳೆಯ ಪಿಂಚಣಿ ಪದ್ಧತಿಗಾಗಿ 2023ರ ಮಾರ್ಚ್ 14ರಿಂದ 20ರ ವರೆಗೆ ಮುಷ್ಕರ ಹೂಡಿದಾಗ, ಸಾಂಗಲಿ ಜಿಲ್ಲೆಯ ನಮ್ಮ ಜತ್ತ ತಾಲೂಕಿನ ಕನ್ನಡ ಶಾಲೆಗಳ ಅಧ್ಯಾಪಕರೂ ಅದರಲ್ಲಿ ಪಾಲುಗೊಂಡಿದ್ದರು. 2005ರ ನವೆಂಬರ್ 1ರಿಂದೀಚೆಗೆ ಕೆಲಸಕ್ಕೆ ಸೇರಿದವರಿಗೆ ಈ ರಾಜ್ಯದಲ್ಲಿ ಹಳೆಯ ರೀತಿಯ ಪಿಂಚಣಿ ಇಲ್ಲ. ಈ ಲೇಖಕನೂ ಆ ಸಾಲಿಗೆ ಸೇರಿದವನು. ಒಂದು ಮಧ್ಯಾಹ್ನ ನಿವೃತ್ತ ಗುರುಗಳೊಬ್ಬರು ಬಂದು ನಮ್ಮ ಜೊತೆ ಜಮಖಾನದ ಮೇಲೆ ಕುಳಿತರು. ಅವರಿಗೆ ತಿಂಗಳು ತಿಂಗಳು ಪಿಂಚಣಿ ಬರುತ್ತದೆ. ಆ ಬಿಸಿಲಿನಲ್ಲಿ ಬರಬೇಕಾದ ಅಗತ್ಯವೇನೂ ಇರಲಿಲ್ಲ. ಮಾತಿನ ನಡುವೆ ಅವರು ವಿ.ವಿ. ಗಿರಿಯವರ ಹೆಸರೆತ್ತಿದರು. ನಮ್ಮಲ್ಲಿ ಹೆಚ್ಚಿನವರಿಗೆ ಗಿರಿಯವರೆಂದರೆ ಸಾಮಾನ್ಯ ಜ್ಞಾನದ ಪುಸ್ತಕದಲ್ಲಿ ಬರುವ ನಾಲ್ಕನೆಯ ರಾಷ್ಟ್ರಪತಿ, ಅಷ್ಟೆ. ನೌಕರರಿಗೆ ದೊರೆತ ತೀರ್ಪನ್ನು ತಾವಿದ್ದ ಸರಕಾರವೇ ಕತ್ತರಿಸಿತೆಂದು ಮಂತ್ರಿಗಿರಿಯನ್ನು ಬಿಟ್ಟು ಹೊರಬಂದ ಗಿರಿಯವರನ್ನು ನಾವು ಮರೆತೇಬಿಟ್ಟಿದ್ದೇವೆ. ಅವರ ಜೀವನವನ್ನು ಸಂಕ್ಷೇಪವಾಗಿ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ವರಾಹಗಿರಿ ವೆಂಕಟಗಿರಿಯವರು 1894ರ ಆಗಸ್ಟ್ 10ರಂದು ಗಂಜಾಂ ಜಿಲ್ಲೆಯ ಬರ್ಹಾಂಪುರದಲ್ಲಿ ಜನಿಸಿದರು. ಆಗ ಆ ಊರು ಮದ್ರಾಸ್ ಪ್ರಾಂತಕ್ಕೆ ಸೇರಿತ್ತು. 1936ರಲ್ಲಿ ಒರಿಸ್ಸಾ ಪ್ರತ್ಯೇಕ ಪ್ರಾಂತವಾದಾಗ ಅದರ ಪಾಲಾಯಿತು. ಗಿರಿಯವರ ಮನೆಮಾತು ತೆಲುಗು. ಹುಟ್ಟೂರು ಬೇರೆ ಭಾಷೆಯ ರಾಜ್ಯಕ್ಕೆ ಸೇರಿಹೋಗುವುದೆಂದರೆ ಏನೆಂಬುದನ್ನು ಕಾಸರಗೋಡಿನವರಿಗೂ ಜತ್ತದವರಿಗೂ ವಿವರಿಸಿ ಹೇಳಬೇಕಾಗಿಲ್ಲ. ತಂದೆ ಜೋಗಯ್ಯ ಪಂತುಲು ವಕೀಲರು. ಮಗನೂ ವಕೀಲನಾಗಲೆಂದು 1913ರಲ್ಲಿ ಅವರನ್ನು ಐರ್ಲೆಂಡಿನ ಡಬ್ಲಿನ್ ನಗರಕ್ಕೆ ಕಳುಹಿಸಲಾಯಿತು.

ಕಾನೂನು ಕಲಿಯಲು ಹೋದ ತರುಣನ ಕಣ್ಣೆದುರಿಗೆ ಮೊದಲು ಬಿದ್ದುದು ದುಡಿಯುವವರ ಹೋರಾಟ. ಅದೇ ವರ್ಷ ಡಬ್ಲಿನ್ನಿನ ಧಣಿಗಳು ಒಗ್ಗಟ್ಟಾಗಿ, ಕಾರ್ಮಿಕ ಸಂಘವನ್ನು ಬಿಡಲೊಪ್ಪದ ಸುಮಾರು ಇಪ್ಪತ್ತು ಸಾವಿರ ಕೆಲಸಗಾರರಿಗೆ ಬಾಗಿಲು ಮುಚ್ಚಿದ್ದರು. ಚಳಿಗಾಲವಿಡೀ ಆ ಸಂಸಾರಗಳು ಹಸಿದುಕೊಂಡಿದ್ದವು. ಜೇಮ್ಸ್ ಲಾರ್ಕಿನ್, ಜೇಮ್ಸ್ ಕೊನೊಲಿ ಮೊದಲಾದ ನಾಯಕರ ಪ್ರಭಾವ ಗಿರಿಯವರ ಮೇಲೆ ಆಯಿತು. ಐರಿಷ್ ರಾಷ್ಟ್ರವಾದಿಗಳ ಸಂಪರ್ಕವೂ ಬೆಳೆಯಿತು. 1916ರ ಈಸ್ಟರ್ ದಂಗೆಯ ಬಳಿಕ ಬ್ರಿಟಿಷ್ ಅಧಿಕಾರಿಗಳ ಸಂಶಯಕ್ಕೆ ಗುರಿಯಾಗಿ ಅವರು ಆ ದೇಶವನ್ನು ಬಿಟ್ಟು ಬರಬೇಕಾಯಿತು.

ಸ್ವದೇಶಕ್ಕೆ ಮರಳಿ ವಕೀಲಿ ಆರಂಭಿಸಿದರು. ಆದಾಯವೂ ಚೆನ್ನಾಗಿತ್ತು. ಆದರೆ 1920ರಲ್ಲಿ ಗಾಂಧೀಜಿಯವರ ಅಸಹಕಾರದ ಕರೆ ಬಂದಾಗ ವೃತ್ತಿಯನ್ನು ತ್ಯಜಿಸಿದರು. 1922ರಲ್ಲಿ ಹೆಂಡದಂಗಡಿಗಳ ಮುಂದೆ ಪಿಕೆಟಿಂಗ್ ನಡೆಸಿ ಬಂಧನಕ್ಕೊಳಗಾದರು. ಆ ಸುಮಾರಿಗೆ ಮುಂಬಯಿಯ ಕಾರ್ಮಿಕ ನಾಯಕ ಎನ್.ಎಂ. ಜೋಶಿಯವರ ಒಡನಾಟ ದೊರೆಯಿತು. ಮುಂದಿನ ಹಾದಿ ಅಲ್ಲಿಂದ ನಿರ್ಧಾರವಾಯಿತು.

ಗಿರಿಯವರು ರೈಲ್ವೆ ಕೆಲಸಗಾರರನ್ನು ಆರಿಸಿಕೊಂಡರು. ಬಂಗಾಳ ನಾಗಪುರ ರೈಲ್ವೆಯ ನೌಕರರನ್ನು ಸಂಘಟಿಸಿದರು. ಅಖಿಲ ಭಾರತ ರೈಲ್ವೆ ನೌಕರರ ಫೆಡರೇಶನನ್ನು ಕಟ್ಟಿದವರಲ್ಲಿ ಒಬ್ಬರಾಗಿ, ಒಂದು ದಶಕಕ್ಕೂ ಮಿಕ್ಕಿ ಅದರ ಪ್ರಧಾನ ಕಾರ್ಯದರ್ಶಿಯಾಗಿ ದುಡಿದರು. 1920ರ ದಶಕದ ಕೊನೆಯಲ್ಲಿ ಕೆಲಸಗಾರರನ್ನು ಹಿಂಡುಗಟ್ಟಲೆ ತೆಗೆದುಹಾಕಲು ರೈಲ್ವೆ ಆಡಳಿತ ಹೊರಟಾಗ, ಅಹಿಂಸಾತ್ಮಕ ಮುಷ್ಕರದ ನಾಯಕತ್ವ ವಹಿಸಿದರು. 1926ರಲ್ಲಿ ಅಖಿಲ ಭಾರತ ಟ್ರೇಡ್ ಯೂನಿಯನ್ ಕಾಂಗ್ರೆಸಿನ ಅಧ್ಯಕ್ಷರಾದರು. 1942ರಲ್ಲಿ ಎರಡನೆಯ ಬಾರಿಗೆ ಆ ಸ್ಥಾನ ಅವರಿಗೆ ಬಂತು. 1927ರಲ್ಲಿ ಜಿನೀವಾದ ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಳನಕ್ಕೂ, 1931ರಲ್ಲಿ ಲಂಡನ್ನಿನ ಎರಡನೆಯ ದುಂಡುಮೇಜಿನ ಪರಿಷತ್ತಿಗೂ ಕೆಲಸಗಾರರ ಪ್ರತಿನಿಧಿಯಾಗಿ ಹೋಗಿದ್ದರು.

ಆ ಕಾಲದಲ್ಲಿ ಮುದುಕರಾದ ನೌಕರರ ಪಾಡು ಹೇಗಿತ್ತೆಂಬುದನ್ನು ಇಲ್ಲಿ ಹೇಳುವುದು ಅಗತ್ಯ. ಸರಕಾರ ಕೊಡುತ್ತಿದ್ದ ಪಿಂಚಣಿಯನ್ನು ದೊರೆಯ ಕೃಪೆಯೆಂದು ಎಣಿಸಲಾಗುತ್ತಿತ್ತು. ಅದರ ವಿಷಯದಲ್ಲಿ ದಾವೆ ಹೂಡಲು 1871ರ ಪಿಂಚಣಿ ಕಾಯಿದೆ ಅಡ್ಡಿ ಮಾಡಿತ್ತು. ರೈಲ್ವೆಯ ಕೆಲಸಗಾರರಿಗಂತೂ ಪಿಂಚಣಿಯೇ ಇರಲಿಲ್ಲ. ಭವಿಷ್ಯನಿಧಿಯ ಗಂಟು ಒಂದೇ ಬಾರಿಗೆ ಕೈಗೆ ಬರುತ್ತಿತ್ತು. ಮಗಳ ಮದುವೆಗೋ ಮನೆಯ ಸಾಲಕ್ಕೋ ಅದು ಕರಗಿದ ಮೇಲೆ ಮಕ್ಕಳ ಮುಖ ನೋಡಬೇಕಾಗಿತ್ತು. ಸ್ವಾತಂತ್ರ್ಯ ಬಂದು ಹತ್ತು ವರ್ಷಗಳಾದ ಮೇಲೆ, 1957ರ ನವೆಂಬರಿನಲ್ಲಿ, ರೈಲ್ವೆಯಲ್ಲಿ ಪಿಂಚಣಿ ಪದ್ಧತಿ ಜಾರಿಗೆ ಬಂತು. ಸಂಘಗಳು ದಶಕಗಳ ಕಾಲ ಒಗ್ಗೂಡಿ ನಿಂತುದರ ಫಲವನ್ನು ಅಲ್ಲಿ ಕಾಣಬಹುದು.

1937ರ ಚುನಾವಣೆಯಲ್ಲಿ ಗಿರಿಯವರು ಜಮೀನ್ದಾರರಾದ ಬೊಬ್ಬಿಲಿಯ ರಾಜರನ್ನು ಅವರ ಸ್ವಂತ ನೆಲದಲ್ಲಿಯೇ ಸೋಲಿಸಿದ ಸುದ್ದಿ ಪ್ರಾಂತದಲ್ಲೆಲ್ಲ ಹಬ್ಬಿತು. ರಾಜಾಜಿಯವರ ಮಂತ್ರಿಮಂಡಲದಲ್ಲಿ ಕಾರ್ಮಿಕ ಮತ್ತು ಕೈಗಾರಿಕಾ ಮಂತ್ರಿಯಾದರು. 1942ರ ಚಳವಳಿಯಲ್ಲಿ ಮತ್ತೆ ಸೆರೆಮನೆ ಕಂಡರು. 1946ರಲ್ಲಿ ಪ್ರಕಾಶಂ ಅವರ ಮಂತ್ರಿಮಂಡಲ, 1947ರಿಂದ ಸಿಲೋನಿನಲ್ಲಿ ಭಾರತದ ಹೈಕಮಿಶನರ್ ಹುದ್ದೆ, 1952ರಲ್ಲಿ ಲೋಕಸಭೆ, ಅನಂತರ ನೆಹರೂ ಮಂತ್ರಿಮಂಡಲದಲ್ಲಿ ಕಾರ್ಮಿಕ ಖಾತೆ, ಹೀಗೆ ಒಂದರ ಮೇಲೊಂದು ಹೊಣೆ ಬಂತು.

ಮಂತ್ರಿಯಾಗಿ ಅವರ ನಿಲುವು ಸ್ಪಷ್ಟವಾಗಿತ್ತು. ಮಾಲೀಕರೂ ಕೆಲಸಗಾರರೂ ಎದುರುಬದುರು ಕುಳಿತು ಒಪ್ಪಂದಕ್ಕೆ ಬರಬೇಕು. ಪ್ರತಿಯೊಂದು ತಕರಾರನ್ನೂ ಸರಕಾರ ನ್ಯಾಯಮಂಡಳಿಗೆ ಕಡ್ಡಾಯವಾಗಿ ಒಪ್ಪಿಸುತ್ತ ಹೋದರೆ ಸಂಘಗಳು ಸೊರಗುತ್ತವೆ ಎಂಬುದು ಅವರ ವಾದ. ಸ್ವಂತ ಸರಕಾರದಲ್ಲಿಯೇ ಈ ವಾದಕ್ಕೆ ಹೆಚ್ಚಿನ ಬೆಂಬಲ ಸಿಗಲಿಲ್ಲ. ಆದರೆ ನ್ಯಾಯಮಂಡಳಿಯ ಬಗ್ಗೆ ಇಷ್ಟು ಅನುಮಾನವಿದ್ದ ಮನುಷ್ಯನೇ, ಒಂದು ನ್ಯಾಯಮಂಡಳಿಯ ತೀರ್ಪಿಗಾಗಿ ಪದವಿ ಬಿಡಬೇಕಾದ ದಿನ ಬಂತು.

ಬ್ಯಾಂಕ್ ನೌಕರರ ಸಂಬಳದ ತಕರಾರು ಆಗ ಹಲವು ವರ್ಷಗಳಿಂದ ಎಳೆದಾಡುತ್ತಿತ್ತು. ಮೊದಲಿನ ಒಂದು ತೀರ್ಪು 1951ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋಗಿತ್ತು. 1953ರಲ್ಲಿ ಶಾಸ್ತ್ರಿ ನ್ಯಾಯಮಂಡಳಿಯ ತೀರ್ಪು ಬಂತು. ಅದರ ಮೇಲೆ ಅಪೀಲು ನಡೆದು, ಕಾರ್ಮಿಕ ಮೇಲ್ಮನವಿ ನ್ಯಾಯಮಂಡಳಿಯು 1954ರ ಏಪ್ರಿಲಿನಲ್ಲಿ ನೌಕರರಿಗೆ ಇನ್ನೂ ಸ್ವಲ್ಪ ಅನುಕೂಲವಾದ ನಿರ್ಣಯ ಕೊಟ್ಟಿತು. ಬ್ಯಾಂಕುಗಳು, ಅದರಲ್ಲೂ ಸಣ್ಣವು, ಈ ಭಾರ ಹೊರಲಾರವೆಂಬ ಕೂಗೆದ್ದಿತು. ಕೇಂದ್ರ ಸರಕಾರವು ತನ್ನ ಅಧಿಕಾರವನ್ನು ಬಳಸಿ ಆಗಸ್ಟಿನಲ್ಲಿ ಆ ನಿರ್ಣಯವನ್ನು ಮಾರ್ಪಡಿಸಿ, ನೌಕರರಿಗೆ ಸಿಕ್ಕಿದ್ದರಲ್ಲಿ ಕಡಿತ ಮಾಡಿತು. ಎರಡು ಪಕ್ಷಗಳೂ ವರ್ಷಗಟ್ಟಲೆ ಸಾಕ್ಷ್ಯ ನುಡಿದು, ವಾದ ಮಾಡಿ, ಕೊನೆಗೆ ದೊರೆತ ನಿರ್ಣಯವನ್ನು ಸರಕಾರ ಒಂದು ಆಜ್ಞೆಯಿಂದ ಬದಲಿಸಬಹುದಾದರೆ ನೌಕರನು ಇನ್ನಾರನ್ನು ನಂಬಬೇಕು? ಕಾರ್ಮಿಕ ಮಂತ್ರಿಯಾಗಿ ಆ ಕಡಿತಕ್ಕೆ ತಮ್ಮ ಹೆಸರು ಸೇರುವುದನ್ನು ಗಿರಿಯವರು ಒಪ್ಪಲಿಲ್ಲ. ರಾಜೀನಾಮೆ ಕೊಟ್ಟು ಹೊರಬಂದರು. ಆಗ ಅವರಿಗೆ ಅರುವತ್ತು ವರ್ಷ.

ರಾಜೀನಾಮೆ ವ್ಯರ್ಥವಾಗಲಿಲ್ಲ. ಸರಕಾರವು ವಿಚಾರಣೆಗಾಗಿ ನ್ಯಾಯಮೂರ್ತಿ ರಾಜಾಧ್ಯಕ್ಷರ ಆಯೋಗವನ್ನು ನೇಮಿಸಬೇಕಾಯಿತು. ಅವರು ನಡುವೆ ತೀರಿಕೊಂಡುದರಿಂದ ಆ ಕೆಲಸ ನ್ಯಾಯಮೂರ್ತಿ ಪಿ.ಬಿ. ಗಜೇಂದ್ರಗಡಕರ್ ಅವರ ಪಾಲಿಗೆ ಬಂತು. ಇವರು ಸಾತಾರೆಯಲ್ಲಿ ಹುಟ್ಟಿ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದವರು. ಕನ್ನಡ ನಾಡಿನ ಗಜೇಂದ್ರಗಡವು ಮನೆತನದ ಹೆಸರಿನಲ್ಲಿಯೇ ಇದೆ. ಮುಂದೆ ಭಾರತದ ಮುಖ್ಯ ನ್ಯಾಯಾಧೀಶರೂ ಆದರು. ಬ್ಯಾಂಕುಗಳ ಶಕ್ತಿಯನ್ನೂ ನೌಕರರ ಅಗತ್ಯವನ್ನೂ ತೂಗಿನೋಡಿ, ಮೇಲ್ಮನವಿ ನ್ಯಾಯಮಂಡಳಿಯ ನಿರ್ಣಯವನ್ನು ಕೆಲವು ತಿದ್ದುಪಡಿಗಳೊಂದಿಗೆ ಮತ್ತೆ ಜಾರಿಗೆ ತರಬೇಕೆಂದು ಅವರು 1955ರಲ್ಲಿ ವರದಿ ಕೊಟ್ಟರು. ಸರಕಾರ ಅದನ್ನೊಪ್ಪಿ ಅದೇ ವರ್ಷ ಕಾಯಿದೆ ಮಾಡಿತು.

ಬಳಿಕ ಗಿರಿಯವರು ರಾಜ್ಯಪಾಲರಾದರು. ಮೊದಲು ಉತ್ತರ ಪ್ರದೇಶ. ಅನಂತರ 1960ರಿಂದ 1965ರ ವರೆಗೆ ಕೇರಳ. ಅಲ್ಲಿಂದ 1967ರ ವರೆಗೆ ಮೈಸೂರು. ಹೀಗೆ ಕಾಸರಗೋಡು ಯಾವ ರಾಜ್ಯಕ್ಕೆ ಸೇರಬೇಕೆಂಬ ವಾದ ನಡೆಯುತ್ತಿದ್ದ ಆ ವರ್ಷಗಳಲ್ಲಿ ಎರಡು ರಾಜ್ಯಗಳ ರಾಜಭವನಗಳಲ್ಲಿಯೂ ಅವರಿದ್ದರು. 1967ರಲ್ಲಿ ಉಪರಾಷ್ಟ್ರಪತಿಯಾದರು. 1969ರ ಮೇ 3ರಂದು ಝಾಕಿರ್ ಹುಸೇನರು ನಿಧನ ಹೊಂದಿದಾಗ ಹಂಗಾಮಿ ರಾಷ್ಟ್ರಪತಿಯ ಹೊಣೆ ಬಂತು. ಆ ಸ್ಥಾನದಿಂದ ಅವರು ಅಂಕಿತ ಹಾಕಿದ ಕೊನೆಯ ಮುಖ್ಯ ಪತ್ರವೆಂದರೆ ಜುಲೈ 19ರ ಬ್ಯಾಂಕ್ ರಾಷ್ಟ್ರೀಕರಣದ ಸುಗ್ರೀವಾಜ್ಞೆ. ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕ್, ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ ಸೇರಿ ಹದಿನಾಲ್ಕು ಬ್ಯಾಂಕುಗಳು ಸರಕಾರದ ಸ್ವತ್ತಾದವು. ಯಾವ ಬ್ಯಾಂಕ್ ನೌಕರರಿಗಾಗಿ 15 ವರ್ಷಗಳ ಹಿಂದೆ ಮಂತ್ರಿ ಪದವಿ ಬಿಟ್ಟಿದ್ದರೋ ಅವರಲ್ಲಿ ಬಹುಮಂದಿ ಸಾರ್ವಜನಿಕ ರಂಗದ ನೌಕರರಾದರು. ಮರುದಿನ ಗಿರಿಯವರು ಆ ಹುದ್ದೆಗೆ ರಾಜೀನಾಮೆ ಕೊಟ್ಟು, ಸ್ವತಂತ್ರ ಅಭ್ಯರ್ಥಿಯಾಗಿ ಸ್ಪರ್ಧಿಸಿ, ಕಾಂಗ್ರೆಸಿನ ಅಧಿಕೃತ ಅಭ್ಯರ್ಥಿ ನೀಲಂ ಸಂಜೀವ ರೆಡ್ಡಿಯವರನ್ನು ಸೋಲಿಸಿ ರಾಷ್ಟ್ರಪತಿಯಾದರು.

ಜೀವನಚರಿತ್ರೆ ಬರೆಯುವವನು ಹೊಗಳಿಕೆಯನ್ನಷ್ಟೇ ಬರೆದರೆ ಅದು ನ್ಯಾಯವಾಗದು. ಪ್ರಧಾನಮಂತ್ರಿಗಳ ಮಾತಿಗೆ ಎದುರಾಡದ ರಾಷ್ಟ್ರಪತಿ ಎಂಬ ಟೀಕೆ ಗಿರಿಯವರ ಮೇಲೆ ಇತ್ತು. 1974ರ ಮೇ 8ರಂದು ರೈಲ್ವೆ ನೌಕರರು ದೇಶವ್ಯಾಪಿ ಮುಷ್ಕರ ಹೂಡಿದರು. ಅದರ ಮುಂದಾಳು ಮಂಗಳೂರಿನ ಜಾರ್ಜ್ ಫೆರ್ನಾಂಡಿಸ್. ಅವರು ಅಧ್ಯಕ್ಷರಾಗಿದ್ದುದು ಗಿರಿಯವರು ಕಟ್ಟಿ ಬೆಳೆಸಿದ ಅದೇ ಫೆಡರೇಶನಿಗೆ. ಸಾವಿರಾರು ಜನ ಬಂಧಿತರಾದರು, ಕೆಲಸ ಕಳಕೊಂಡರು. ಮುಷ್ಕರ ಮಾಡಿದವರ ಸೇವಾ ಪುಸ್ತಕದಲ್ಲಿ ಸೇವೆ ಮುರಿದಿದೆಯೆಂದು ಬರೆಯಲಾಯಿತು. ಪಿಂಚಣಿಗೆ ಸೇವೆಯ ಲೆಕ್ಕ ಹಾಕುವಾಗ ಅದು ಹೊಟ್ಟೆಯ ಮೇಲೆ ಹೊಡೆದಂತೆ. ಇಪ್ಪತ್ತು ದಿನಗಳಲ್ಲಿ ಮುಷ್ಕರ ಮುರಿದುಬಿತ್ತು. ರಾಷ್ಟ್ರಪತಿ ಭವನದಲ್ಲಿದ್ದ ಹಳೆಯ ರೈಲ್ವೆ ಕಾರ್ಮಿಕ ನಾಯಕರು ಸರಕಾರವನ್ನು ತಡೆಯಲಿಲ್ಲ. ರಾಷ್ಟ್ರಪತಿಯ ಅಧಿಕಾರಕ್ಕೆ ಸಂವಿಧಾನದ ಮಿತಿಯಿದೆ, ನಿಜ. ಆದರೂ 1954ರ ಗಿರಿಯವರನ್ನು ಬಲ್ಲವರಿಗೆ 1974ರ ಮೌನ ನೋವು ತಂದಿರಬೇಕು. ಕೆಲಸ ಕಳಕೊಂಡವರನ್ನು 1977ರಲ್ಲಿ ಜನತಾ ಸರಕಾರ ಬಂದ ಮೇಲೆ ಮರಳಿ ತೆಗೆದುಕೊಳ್ಳಲಾಯಿತು. ಎಂಥ ಹಿತೈಷಿಯೂ ಕುರ್ಚಿಯಲ್ಲಿ ಕುಳಿತ ಮೇಲೆ ಬದಲಾಗಬಹುದು. ಆದುದರಿಂದ ನೌಕರನಿಗೆ ಸ್ವಂತ ಸಂಘವಿರಬೇಕು ಎಂಬ ಪಾಠ ಇದರಲ್ಲಿದೆ.

1974ರ ಆಗಸ್ಟಿನಲ್ಲಿ ಗಿರಿಯವರು ನಿವೃತ್ತರಾದರು. 1975ರಲ್ಲಿ ಭಾರತರತ್ನ ಪ್ರಶಸ್ತಿ ಬಂತು. 1980ರ ಜೂನ್ 24ರಂದು ಮದ್ರಾಸಿನಲ್ಲಿ ನಿಧನ ಹೊಂದಿದರು. ದೇಶದ ಕಾರ್ಮಿಕ ಅಧ್ಯಯನ ಸಂಸ್ಥೆಗೆ ಇಂದು ಅವರ ಹೆಸರಿದೆ.

ಅವರು ತೀರಿಕೊಂಡು ಎರಡು ವರ್ಷಗಳಾದ ಮೇಲೆ, 1982ರ ಡಿಸೆಂಬರ್ 17ರಂದು, ಡಿ.ಎಸ್. ನಕಾರಾ ಎಂಬ ನಿವೃತ್ತ ಅಧಿಕಾರಿಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರ ಪೀಠವು ತೀರ್ಪು ನೀಡಿತು. ಪಿಂಚಣಿಯು ಸರಕಾರದ ದಾನವಾಗದೆ, ಸಲ್ಲಿಸಿದ ಸೇವೆಗೆ ಸಲ್ಲಬೇಕಾದ ಹಕ್ಕು. ನಿವೃತ್ತಿಯ ದಿನಾಂಕವನ್ನು ಮನಬಂದಂತೆ ಹಿಡಿದು ಪಿಂಚಣಿದಾರರಲ್ಲಿ ಪಂಕ್ತಿಭೇದ ಮಾಡಕೂಡದು ಎಂಬುದು ಅದರ ಸಾರ. ಡಿಸೆಂಬರ್ 17ನ್ನು ಪಿಂಚಣಿದಾರರು ಇಂದಿಗೂ ತಮ್ಮ ದಿನವೆಂದು ಆಚರಿಸುತ್ತಾರೆ. ಬ್ಯಾಂಕ್ ನೌಕರರಿಗೆ 1993ರ ಒಪ್ಪಂದದಿಂದ ಪಿಂಚಣಿ ದೊರೆಯಿತು.

ಮುಂದೆ ಗಾಳಿ ತಿರುಗಿತು. 2004ರ ಜನವರಿ 1ರಿಂದ ಕೇಂದ್ರದಲ್ಲಿ, 2005ರಲ್ಲಿ ಮಹಾರಾಷ್ಟ್ರದಲ್ಲಿ, 2006ರಲ್ಲಿ ಕರ್ನಾಟಕದಲ್ಲಿ, 2013ರಲ್ಲಿ ಕೇರಳದಲ್ಲಿ ಹೊಸದಾಗಿ ಸೇರುವವರಿಗೆ ಹಳೆಯ ಪಿಂಚಣಿ ನಿಂತಿತು. ಸಂಬಳದಿಂದ ಕಡಿದ ಹಣ ಪೇಟೆಯ ಏರಿಳಿತದ ಮೇಲೆ ಬೆಳೆಯಬೇಕು. 2025ರ ಮಾರ್ಚಿನಲ್ಲಿ ಹಣಕಾಸು ಮಸೂದೆಯ ಜೊತೆಯಲ್ಲಿಯೇ, ಪಿಂಚಣಿದಾರರ ನಡುವೆ ಭೇದ ಮಾಡುವ ಅಧಿಕಾರ ತನಗಿದೆಯೆಂದು ಕೇಂದ್ರ ಸರಕಾರ ಪಾರ್ಲಿಮೆಂಟಿನಿಂದ ಕಾಯಿದೆ ಮಾಡಿಸಿಕೊಂಡಿತು. ಅದೂ ಹಿಂದಿನ ಕಾಲಕ್ಕೆ ಅನ್ವಯಿಸುವಂತೆ. ನ್ಯಾಯಪೀಠ ಕೊಟ್ಟುದನ್ನು ಆಳುವವರು ಬದಲಿಸಿಕೊಳ್ಳುವುದು 1954ರಲ್ಲಿ ನಡೆದುದಕ್ಕಿಂತ ಬಹಳ ಬೇರೆಯೇನೂ ಆಗಿ ಕಾಣುವುದಿಲ್ಲ.

ಖಜಾನೆಯ ಕಷ್ಟ ಸುಳ್ಳೆಂದು ಯಾರೂ ಹೇಳಲಾರರು. ಜತ್ತದಂಥ ಬರಗಾಲದ ತಾಲೂಕಿನಲ್ಲಿರುವವರಿಗೆ ನೀರಿಗೂ ಶಾಲೆಗೂ ಹಣ ಬೇಕೆಂಬುದು ಗೊತ್ತು. ಆದರೆ ಮೂವತ್ತು ವರ್ಷ ದುಡಿದವನು ತನ್ನ ಪಾಲಿನ ಮಾತನ್ನು ಆಗಲೇ ನಡೆಸಿಕೊಟ್ಟಿರುತ್ತಾನೆ. ಅವನ ಪಾಲಿನ ದುಡಿಮೆಯನ್ನು ಹಿಂದಕ್ಕೆ ಪಡೆಯುವಂತಿಲ್ಲ. ಲೆಕ್ಕ ತೂಗದಿದ್ದರೆ ಸಂಘಗಳನ್ನು ಕರೆದು ಕುಳಿತು ಮಾತಾಡಬೇಕು, ಎರಡು ಕಡೆಯನ್ನೂ ಕೇಳುವ ಆಯೋಗ ನೇಮಿಸಬೇಕು. 1955ರಲ್ಲಿ ಅದು ಸಾಧ್ಯವಾಯಿತು. ಮನಸ್ಸಿದ್ದರೆ ಈಗಲೂ ಸಾಧ್ಯ.

ಅಂದು ನಮ್ಮ ಜೊತೆ ಕುಳಿತ ಗುರುಗಳು ಸಂಜೆಯ ವರೆಗೂ ಏಳಲಿಲ್ಲ. ತಮ್ಮ ಪಿಂಚಣಿಯೂ ಹಿಂದಿನವರು ಹೀಗೆ ಕುಳಿತುದರಿಂದಲೇ ಬಂದುದೆಂಬುದು ಅವರಿಗೆ ತಿಳಿದಿತ್ತು. ಪಿಂಚಣಿಯ ಬಗ್ಗೆ ವೇದಿಕೆಯ ಮೇಲೆ ಭರವಸೆ ಕೊಡುವ ಮಂತ್ರಿಗಳು ನಮ್ಮಲ್ಲಿ ಅನೇಕರಿದ್ದಾರೆ. ಆ ಭರವಸೆ ಮುರಿದ ದಿನ ಕುರ್ಚಿ ಬಿಟ್ಟು ಏಳುವವರು ಅವರಲ್ಲಿ ಎಷ್ಟು ಮಂದಿ ಎಂಬುದನ್ನು ಮತ ಕೇಳಲು ಬಂದಾಗ ನಾವು ವಿಚಾರಿಸಬೇಕಾಗಿದೆ.